ಮನೆ ಕೆಳಗಿನ ಕೆಮ್ಮು

ತಿಯುರ್ಮಾ: ಇಲ್ಲ ಇನಾಂಗ್, ಮನೆ ಯಜಮಾನರು ಬಂದು ಹೂಂ ಅನ್ನೋವರೆಗೂ ನಾನು ಈ ಮೆಟ್ಟಿಲು ಹತ್ತಲ್ಲ.

ನಾನು: ಅಯ್ಯೋ ಹುಡುಗಿ, ಮೂರನೇ ಸಲ ಹೇಳ್ತಿದೀನಿ. ಮನೆ ನಂದು. ಕೋಣೆ ನಂದು. ಕೊಡ್ತೀನಿ ಅಂದೋಳೂ ನಾನೇ. ಇನ್ನು ಯಾರ ಕೈಲಿ ಹೂಂ ಅನ್ನಿಸ್ಲಿ, ಈ ಕಂಬದ ಕೈಲಾ?

ತಿಯುರ್ಮಾ: ಬೇಜಾರು ಮಾಡ್ಕೋಬೇಡಿ. ನಮ್ಮಮ್ಮ ಹೇಳಿ ಕಳ್ಸಿದಾರೆ. 'ಮುಸ್ಲಿಮರ ಮನೇಲಿ ಹೆಂಗಸರ ಮಾತು ನಂಬ್ಕೊಂಡು ಸಾಮಾನು ಇಳಿಸ್ಬೇಡ, ಸಂಜೆ ಗಂಡಸರು ಬಂದು ಎತ್ತಿ ಬಿಸಾಡ್ತಾರೆ' ಅಂತ.

ನಾನು: ನಿಮ್ಮಮ್ಮ ಎಷ್ಟು ಮುಸ್ಲಿಮರ ಮನೇಲಿ ಇದ್ದರು?

ತಿಯುರ್ಮಾ: ಒಂದರಲ್ಲೂ ಇಲ್ಲ. ಅದಕ್ಕೇ ಅವರಿಗೆ ಎಲ್ಲಾ ಗೊತ್ತು.

ಹೀಗೆ ಹೇಳಿದವಳು ನಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ನರ್ಸು, ತಿಯುರ್ಮಾ ಹುತಾಗಾಲುಂಗ್. ಬಾತಕ್ ಜನ, ಕ್ರಿಸ್ತನ ಒಕ್ಕಲು. ಉತ್ತರದ ತಾರುತುಂಗ್‌ನಿಂದ ಹದಿಮೂರು ಗಂಟೆ ಬಸ್ಸಿನಲ್ಲಿ ಕುಳಿತು ಬಂದಿದ್ದಳು. ಇನಾಂಗ್ ಎಂದರೆ ಅವರ ಕಡೆ ಅಮ್ಮ, ನಮ್ಮ ಕಡೆ ಅದೇ ಅಮಾಕ್. ಮರುದಿನ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹಾಜರಾಗಬೇಕು. ನಮ್ಮೂರಿನಲ್ಲಿ ಬಾಡಿಗೆಗೆ ಸಿಗುವ ಕೋಣೆಗಳು ಮೂರು, ಅದರಲ್ಲಿ ಎರಡರ ಬಾಗಿಲಿನಿಂದ ಆಗಲೇ ಹಿಂದೆ ಬಂದಿದ್ದಳು. ನನ್ನದೂ ತಪ್ಪಿದರೆ ಸಂಜೆಯ ಬಸ್ಸಿಗೆ ವಾಪಸು. ಪೆಟ್ಟಿಗೆಯನ್ನು ನೆಲಕ್ಕೆ ಇಟ್ಟಿದ್ದಳು. ತೋಳಿನಲ್ಲಿದ್ದ ಮುಚ್ಚಳದ ಬೆತ್ತದ ಬುಟ್ಟಿಯನ್ನು ಮಾತ್ರ ಇಟ್ಟಿರಲಿಲ್ಲ.

ನಮ್ಮ ಮನೆ ಕಂಬಗಳ ಮೇಲೆ ನಿಂತಿರುವುದು. ಕೆಳಗೆ ಬಿದಿರು ತಟ್ಟಿಯ ಸೌದೆ ಗೂಡು. ಆ ಹೊತ್ತಿನಲ್ಲಿ ನನ್ನ ಅಳಿಯ ಅಸ್ರಿಜಾಲ್ ಆ ಗೂಡಿನೊಳಗೆ ಕಿಲೆಕ್‌ನ ಮೂತಿ ಹಿಡಿದುಕೊಂಡು ಕುಳಿತಿದ್ದ. ಕಿಲೆಕ್ ಅವನ ಬೇಟೆನಾಯಿ. ನಮ್ಮ ಕಡೆ ಗದ್ದೆಗೆ ನುಗ್ಗುವ ಕಾಡುಹಂದಿಗಳನ್ನು ಗಂಡಸರು ನಾಯಿ ಬಿಟ್ಟು ಹೊಡೆಯುತ್ತಾರೆ. ಬಾತಕ್ ಹೆಂಗಸು ಬಾಡಿಗೆಗೆ ಬರುತ್ತಾಳೆಂದು ಕೇಳಿದ್ದೇ ಅಳಿಯನ ಮುಖ ಬಿಳಿಚಿಕೊಂಡಿತ್ತು. "ಅಮಾಕ್, ಅವರು ನಾಯಿ ತಿಂತಾರಂತೆ" ಎಂದ. "ಎಲ್ಲರೂ ತಿಂತಾರೇನೋ?" ಎಂದೆ. "ಒಬ್ಬರು ತಿಂದ್ರೂ ಸಾಕಲ್ಲ, ನಂಗಿರೋದು ಒಂದೇ ನಾಯಿ" ಎಂದ. ನಾಯಿ ಬಚ್ಚಿಡಲು ಅವನನ್ನು ಗೂಡಿಗೆ ಹೋಗಲು ಬಿಟ್ಟೆ.

ಕೆಳಗಿನಿಂದ 'ವುಫ್' ಎಂದಿತು. ಅದರ ಬೆನ್ನಿಗೇ ಯಾರೋ ಜೋರಾಗಿ ಕೆಮ್ಮಿದರು.

ತಿಯುರ್ಮಾ: ಕೆಳಗೆ ಯಾರು?

ನಾನು: ನನ್ನ ಅಳಿಯ.

ತಿಯುರ್ಮಾ: ಮನೆ ಕೆಳಗೆ ಯಾಕಿದಾರೆ? ಗಂಡಸರು ಮೇಲೆ, ಹೆಂಗಸರು ಕೆಳಗೆ ಅಂತ ಕೇಳಿದ್ದೆ.

ನಾನು: ನಮ್ಮಲ್ಲಿ ಹೀಗೆ. ಅಳಿಯಂದಿರನ್ನ ಸೌದೆ ಜೊತೆ ಒಟ್ಟಿರ್ತೀವಿ. ಒಲೆಗೆ ಬೇಕಾದಾಗ ಒಂದೊಂದೇ ಎಳ್ಕೋತೀವಿ.

ಅವಳು ನಗಲಿಲ್ಲ. ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಬಗ್ಗಿ, ತಟ್ಟಿಯ ಕಡೆ ಮುಖ ಮಾಡಿ ಕೇಳಿದಳು.

ತಿಯುರ್ಮಾ: ಅಣ್ಣಾ, ನಾನು ಈ ಮನೇಲಿ ಇರಬಹುದಾ?

ಅಸ್ರಿಜಾಲ್: (ಕೆಳಗಿನಿಂದ) ನನ್ನ ಕೇಳಿದ್ರೆ ಏನು ಹೇಳ್ಲಿ ತಂಗಿ? ನಾನೇ ಇಲ್ಲಿ ಅತಿಥಿ.

ತಿಯುರ್ಮಾ: ಎಷ್ಟು ದಿನದಿಂದ?

ಅಸ್ರಿಜಾಲ್: ಒಂಬತ್ತು ವರ್ಷದಿಂದ. ಮನೆ ಅಮಾಕ್‌ದು. ಅವರಾದ ಮೇಲೆ ನನ್ನ ಹೆಂಡ್ತೀದು. ಆಮೇಲೆ ನನ್ನ ಮಗಳದು. ನಂದು ಅಂತ ಇರೋದು ಒಂದು ಬೈಕು, ಒಂದು ನಾ... (ಕೆಮ್ಮು) ಒಂದು ಬೈಕು.

ತಿಯುರ್ಮಾ: ಹೆಂಡತಿ ಒಬ್ಬರೇನಾ? ನಿಮ್ಮಲ್ಲಿ ನಾಲ್ಕು ಅಂತಾರಲ್ಲ.

ಅಸ್ರಿಜಾಲ್: ನಾಲ್ಕಾ! ತಂಗಿ, ಈ ಸೀಮೇಲಿ ಗಂಡೇ ಹೆಂಡ್ತಿ ಮನೆಗೆ ಹೋಗ್ಬೇಕು. ನಾಲ್ಕು ಹೆಂಡ್ತಿ ಅಂದ್ರೆ ನಾಲ್ಕು ಅತ್ತೆ. ಒಬ್ಬ ಅತ್ತೆಗೇ ಸೌದೆ ಗೂಡಲ್ಲಿ ಕೂತಿದೀನಿ!

ನಾನು: ಕೇಳಿಸ್ತಿದೆ ಕಣಪ್ಪ.

ಅಸ್ರಿಜಾಲ್: ಕೇಳಿಸ್ಲಿ ಅಂತಾನೇ ಹೇಳಿದ್ದು ಅಮಾಕ್.

ಅಷ್ಟರಲ್ಲಿ ಬುಟ್ಟಿಯೊಳಗೆ ಏನೋ 'ಕುಂಯ್' ಎಂದಿತು. ತಿಯುರ್ಮಾ ಎರಡು ಕಣ್ಣೂ ಮುಚ್ಚಿಕೊಂಡು, ಬಾಯಿ ಅಗಲ ಮಾಡಿ ಕೆಮ್ಮಿದಳು.

ನಾನು: ನಿಂಗೂ ಕೆಮ್ಮಾ ಮಗಳೇ?

ತಿಯುರ್ಮಾ: ಬಸ್ಸಿನ ಧೂಳು ಇನಾಂಗ್.

ಅವಳ ಕೆಮ್ಮು ಕೇಳಿ ಕೆಳಗಿದ್ದವನು ಗುರ್ ಎಂದ. ಅಂದರೆ ಕಿಲೆಕ್. ಅಳಿಯ ಅದನ್ನು ಮುಚ್ಚಲು ಗುರ್ ಇದ್ದಷ್ಟು ಹೊತ್ತೂ ಕೆಮ್ಮಿದ. ಗುರ್ ಉದ್ದವಾಗಿತ್ತು.

ತಿಯುರ್ಮಾ: ಇದು ಧೂಳಿನ ಕೆಮ್ಮಲ್ಲ. ಎದೆಯಲ್ಲಿ ಗೊರಗೊರ ಅಂತಿದೆ. ಎಷ್ಟು ದಿನದಿಂದ ಇದೆ?

ನಾನು: ನೀನು ಬರ್ತೀಯ ಅಂತ ಗೊತ್ತಾದಾಗಿಂದ.

ತಿಯುರ್ಮಾ: ಬೆವರ್ತಾರಾ?

ನಾನು: ಈಗಂತೂ ಚೆನ್ನಾಗಿ ಬೆವರ್ತಿರ್ತಾನೆ.

ತಿಯುರ್ಮಾ: ಕಫ ಪರೀಕ್ಷೆ ಆಗ್ಬೇಕು. ನಾಳೆ ನಾನೇ ಮಾಡಿಸ್ತೀನಿ.

ಆ ಮಾತು ಹೇಳುವಾಗ ಅವಳ ಧ್ವನಿ ಬದಲಾಗಿತ್ತು. ಹೆದರಿಕೆ ಹೋಗಿ ನರ್ಸು ಬಂದಿದ್ದಳು. ಒಳ್ಳೆಯ ಹುಡುಗಿ ಎಂದುಕೊಂಡೆ. ಆದರೆ ಮರುಕ್ಷಣವೇ ಅವಳು ದನಿ ತಗ್ಗಿಸಿದಳು.

ತಿಯುರ್ಮಾ: ಇನಾಂಗ್, ಇನ್ನೊಂದು ಮಾತು. ಈ ಮನೇಲಿ... ನಾಯಿ ಇದೆಯಾ?

ನಾನು: ನಾಯಿ? ಯಾಕಮ್ಮ?

ತಿಯುರ್ಮಾ: ಸುಮ್ನೆ ಕೇಳ್ದೆ. ಒಂದು ಚಿಕ್ಕದು? ಮರಿ?

ಬಲಿತದ್ದು ಸಾಲದೆಂದು ಮರಿಯೇ ಬೇಕಂತೆ! ನಾನು ಆಗ ಒಂದು ಸುಳ್ಳು ಹೇಳಿದೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

ನಾನು: ನಾವು ಮುಸ್ಲಿಮರಲ್ವೇನಮ್ಮ? ನಾಯಿ ಕಂಡ್ರೆ ನಮಗಾಗಲ್ಲ. ನಾಯಿ ಅನ್ನೋ ಮಾತೇ ಈ ಅಂಗಳದಲ್ಲಿ ಆಡಲ್ಲ. ನಾಯಿ ನೆರಳು ಬಿದ್ರೆ ಬೇಲಿ ಕಿತ್ತು ಬೇರೆ ಹಾಕ್ತೀವಿ!

ಅಸ್ರಿಜಾಲ್: (ಕೆಳಗಿನಿಂದ, ಉತ್ಸಾಹದಲ್ಲಿ) ಹೌದ್ಹೌದು! ನಾಯಿ ಅಂದ್ರೆ ನಂಗೆ ಮೈಯೆಲ್ಲ ಉರಿ!

ತಿಯುರ್ಮಾಳ ಮುಖ ಸಣ್ಣದಾಯಿತು. ಬುಟ್ಟಿಯ ಮುಚ್ಚಳವನ್ನು ಒತ್ತಿ ಹಿಡಿದಳು. ಆಮೇಲೆ ಬಗ್ಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು.

ತಿಯುರ್ಮಾ: ಹಾಗಾದ್ರೆ ಈ ಕೋಣೆ ನಂಗೆ ಬೇಡ ಇನಾಂಗ್. ಸಂಜೆ ಬಸ್ಸಿಗೆ ಹೊರಡ್ತೀನಿ.

ನಾನು: ನಾಯಿ ಇಲ್ಲ ಅಂತಾನಾ?

ತಿಯುರ್ಮಾ: ಹೌದು. ಅದಿಲ್ದೆ ನನ್ನ ಕೈಲಿ ಇರಕ್ಕಾಗಲ್ಲ.

ನಾನು: ಊರಲ್ಲಿ ಮೀನಿದೆ, ಕೋಳಿ ಇದೆ, ಎಮ್ಮೆ ಮಾಂಸ ಇದೆ...

ತಿಯುರ್ಮಾ: ಅವು ಯಾಕೆ ನಂಗೆ?

ಊಟದ ವಿಷಯದಲ್ಲಿ ಇಷ್ಟು ಖಂಡಿತವಾಗಿರುವವರನ್ನು ನಾನು ಕಂಡಿರಲಿಲ್ಲ. ಅವಳು ಪೆಟ್ಟಿಗೆ ಎತ್ತಿದಳು. ನಾಲ್ಕು ಹೆಜ್ಜೆ ಇಟ್ಟಳು. ಐದನೆಯದು ಸೌದೆ ಗೂಡಿನ ಪಕ್ಕದಲ್ಲಿತ್ತು. ತಟ್ಟಿಯ ಸಂದಿನಿಂದ ಒಂದು ನಾಲಿಗೆ ಹೊರಗೆ ಬಂದು ಅವಳ ಮೊಣಕಾಲನ್ನು ನೆಕ್ಕಿತು. ಕೆಂಪಗೆ, ಗೇಣುದ್ದ ಇತ್ತು.

ತಿಯುರ್ಮಾ: ಯೇಸುವೇ! ಇದು ಯಾರ ನಾಲಿಗೆ?

ಅಸ್ರಿಜಾಲ್: ನಂದು! ನಂದೇ!

ತಿಯುರ್ಮಾ: ಕಪ್ಪು ಮೂಗು ಇದೆ!

ಅಸ್ರಿಜಾಲ್: ಬಿಸಿಲಿಗೆ ಹಾಗಾಗಿದೆ!

ನಾನು: ಮದುವೆ ಮಾಡಿಕೊಡುವಾಗ ಹೀಗಿರಲಿಲ್ಲ.

ಹಳೆಯ ಬಿದಿರು. ತಟ್ಟಿ ಮುರಿದುಕೊಂಡು ಮೊದಲು ಕಿಲೆಕ್ ಹೊರಗೆ ಬಂದ, ಅವನ ಹಗ್ಗ ಹಿಡಿದುಕೊಂಡು ಅಳಿಯ ಹೊಟ್ಟೆಯ ಮೇಲೆ ಬಂದ. ಅದೇ ಹೊತ್ತಿಗೆ ಬುಟ್ಟಿಯ ಮುಚ್ಚಳ ಹಾರಿತು. ಒಳಗಿಂದ ಕಂದು ಬಣ್ಣದ ಮರಿಯೊಂದು ನೆಗೆದು, ನೇರವಾಗಿ ಹೋಗಿ ಕಿಲೆಕ್‌ನ ಬಾಲ ಕಚ್ಚಿತು. ತಿಯುರ್ಮಾ ಮರಿಯ ಮೇಲೆ ಬಿದ್ದಳು, ಅಳಿಯ ಕಿಲೆಕ್‌ನ ಮೇಲೆ ಬಿದ್ದ.

ಅಸ್ರಿಜಾಲ್: ತಂಗೀ, ಕೈ ಮುಗೀತೀನಿ, ಇವನು ತಿನ್ನೋಕಲ್ಲ! ಮೈಯೆಲ್ಲ ಬರೀ ಮೂಳೆ!

ತಿಯುರ್ಮಾ: ಅಣ್ಣಾ, ಕಾಲಿಗೆ ಬೀಳ್ತೀನಿ, ಇವನಿಗೆ ಹೊಡೀಬೇಡಿ! ಈಗಲೇ ಹೊರಟ್ಹೋಗ್ತೀವಿ!

ಅಸ್ರಿಜಾಲ್: ಹೊಡೆಯೋದಾ? ನಾನ್ಯಾಕೆ ಹೊಡೀಲಿ?

ತಿಯುರ್ಮಾ: ತಿನ್ನೋದಾ? ನಾನ್ಯಾಕೆ ತಿನ್ಲಿ?

ಅಸ್ರಿಜಾಲ್: ನೀವು ಬಾತಕ್ ಅಲ್ವಾ?

ತಿಯುರ್ಮಾ: ನೀವು ಮುಸ್ಲಿಮರಲ್ವಾ?

ಇಬ್ಬರೂ ನಾಯಿ ತಬ್ಬಿಕೊಂಡು, ಮಣ್ಣಿನಲ್ಲಿ ಕುಳಿತು, ಒಬ್ಬರನ್ನೊಬ್ಬರು ನೋಡಿದರು. ಆಮೇಲೆ, ಎಲ್ಲ ತಪ್ಪೂ ನನ್ನದೇ ಎನ್ನುವಂತೆ ಇಬ್ಬರೂ ನನ್ನ ಕಡೆ ತಿರುಗಿದರು.

ತಿಯುರ್ಮಾ: ನೀವೇ ತಾನೆ ಹೇಳಿದ್ದು, ನಾಯಿ ಕಂಡ್ರೆ ಆಗಲ್ಲ, ಬೇಲಿ ಕಿತ್ತು ಹಾಕ್ತೀವಿ ಅಂತ?

ನಾನು: ನಿನ್ನ ಬಾಯಿಗೆ ಬೀಳದ ಹಾಗೆ ಉಳಿಸ್ಕೊಳ್ಳೋಕೆ ಹೇಳ್ದೆ ಕಣೇ. ಇವನು ಈ ನಾಯಿಗೆ ದಿನಾ ಬೆಳಿಗ್ಗೆ ಎರಡು ಮೊಟ್ಟೆ ಹಾಕ್ತಾನೆ. ಬೈಕಲ್ಲಿ ನಾಯೀನ ಮುಂದೆ ಕೂರಿಸ್ತಾನೆ, ನನ್ನ ಮಗಳನ್ನ ಹಿಂದೆ ಕೂರಿಸ್ತಾನೆ.

ಅಸ್ರಿಜಾಲ್: ಮುಂದೆ ಕೂತ್ರೆ ಇವನು ದಾರಿ ನೋಡ್ತಾನೆ. ಅವಳು ಮುಂದೆ ಕೂತ್ರೆ ದಾರಿ ಹೇಳ್ತಾಳೆ.

ತಿಯುರ್ಮಾ: ಮತ್ತೆ ನಿಮ್ಮಲ್ಲಿ ನಾಯಿ ಮುಟ್ಟಬಾರದು ಅಂತಾರಲ್ಲ?

ನಾನು: ಜೊಲ್ಲು ತಾಗಿದ್ರೆ ಏಳು ಸಲ ತೊಳೀತೀವಿ. ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ. ಮೆಟ್ಟಿಲ ಮೇಲೆ ಹತ್ತಿಸಲ್ಲ. ಅಷ್ಟೇ. ಎಮ್ಮೆ ಸಗಣಿ ಎತ್ತಿದ್ರೂ ಕೈ ತೊಳೀತೀನಿ, ಹಾಗಂತ ಎಮ್ಮೆ ಮೇಲೆ ನಂಗೇನು ದ್ವೇಷಾನಾ?

ಅಸ್ರಿಜಾಲ್: ತಂಗಿ, ನೀವು ಮಾತ್ರ ನಿಜ ಹೇಳಿ. ನಿಮ್ಮೋರು ತಿಂತಾರೋ ಇಲ್ವೋ?

ತಿಯುರ್ಮಾ ಮರಿಯ ಕಿವಿಯೊಳಗಿನ ಮಣ್ಣು ಒರೆಸುತ್ತ ತಲೆ ತಗ್ಗಿಸಿದಳು.

ತಿಯುರ್ಮಾ: ತಿನ್ನೋರು ತಿಂತಾರೆ. ನಮ್ಮಣ್ಣನ ಗೆಳೆಯರು ಕಳ್ಳಿನ ಜೊತೆಗೆ ಅಂತ ಈ ಮರಿ ಉಚೊಕ್‌ನ ನೋಡಿಟ್ಟಿದ್ರು. ಗುರುವಾರಕ್ಕೆ ಅಂತ ಮಾತಾಗಿತ್ತು. ಬುಧವಾರ ನಾನು ಬುಟ್ಟೀಲಿ ಹಾಕ್ಕೊಂಡು ಬಸ್ಸು ಹತ್ತಿದೆ. ವಾಪಸ್ ಕರ್ಕೊಂಡು ಹೋದ್ರೆ ಇವನು ಉಳಿಯಲ್ಲ ಅಣ್ಣ.

ಅಳಿಯ ಕಿಲೆಕ್‌ನ ಕಿವಿಗಳ ಮೇಲೆ ಎರಡೂ ಕೈ ಇಟ್ಟು ಮುಚ್ಚಿದ, ಇಂಥ ಮಾತು ಅದಕ್ಕೆ ಕೇಳಿಸಬಾರದು ಎನ್ನುವಂತೆ.

ನಾನು: ಆ ಎರಡು ಮನೆಯವರು ಇವನನ್ನ ನೋಡಿ ಬೇಡ ಅಂದ್ರಾ?

ತಿಯುರ್ಮಾ: ಯಾರೂ ಬೇಡ ಅನ್ನಲಿಲ್ಲ. ಮೊದಲನೇ ಮನೇಲಿ ಬುಟ್ಟೀಲೇನು ಅಂತ ಕೇಳಿದ್ರು, ಹೆದರಿ ಓಡಿ ಬಂದೆ. ಎರಡನೇ ಮನೇಲಿ ಏನೂ ಕೇಳಲೇ ಇಲ್ಲ, ಇನ್ನೂ ಹೆದರಿಕೆ ಆಯ್ತು.

ನಾನು: ಎರಡನೇ ಮನೇಲಿ ಐದು ನಾಯಿ ಇದಾವೆ ಕಣೇ! ಊರ ಬೇಟೆ ಮುಖಂಡನ ಮನೆ ಅದು. ಮಸೀದಿಯ ಸಾಲಲ್ಲೂ ಮುಂದೆ ನಿಲ್ಲೋನು, ಬೇಟೆಯ ಸಾಲಲ್ಲೂ ಮುಂದೆ ನಿಲ್ಲೋನು.

ನಾನು ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ಅವಳ ಕೈಗೆ ಕೊಟ್ಟೆ. ಕೋಣೆ ನಿನ್ನದು, ಮರಿ ಗೂಡಿನಲ್ಲಿ ಕಿಲೆಕ್ ಜೊತೆ ಮಲಗಲಿ, ನೆಕ್ಕಿಸಿಕೊಂಡ ಕೈಯಲ್ಲಿ ನನ್ನ ಅಡಿಗೆಮನೆಯ ಪಾತ್ರೆ ಮುಟ್ಟಬೇಡ ಎಂದೆ. ಅವಳು ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಈ ಸಲ ಯಾರನ್ನೂ ಕೇಳದೆ, ಪೆಟ್ಟಿಗೆ ಎತ್ತಿ ಮೆಟ್ಟಿಲು ಹತ್ತಿದಳು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ.

ಅವಳು ಇಳಿದು ಬರುವಷ್ಟರಲ್ಲಿ ಅಳಿಯ ಉಚೊಕ್‌ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪಾದ ಒತ್ತಿ ನೋಡುತ್ತಿದ್ದ.

ಅಸ್ರಿಜಾಲ್: ಎದೆ ಅಗಲ ಇದೆ. ಹಲ್ಲೂ ಸರಿ ಇದೆ. ಆರು ತಿಂಗಳು ಬಿಡಿ ತಂಗಿ, ಭಾನುವಾರ ಭಾನುವಾರ ಬೇಟೆಗೆ ಕರ್ಕೊಂಡು ಹೋಗ್ತೀನಿ.

ತಿಯುರ್ಮಾ: ಭಾನುವಾರಾನಾ? ಆಗಲ್ಲ ಅಣ್ಣ. ಭಾನುವಾರ ನಾವು ಪ್ರಾರ್ಥನೆಗೆ ಹೋಗ್ತೀವಿ.

ಅಸ್ರಿಜಾಲ್: ನೀವು ಹೋಗಿ. ಇವನು ಯಾಕೆ?

ತಿಯುರ್ಮಾ: ಇವನು ಬಾಗಿಲಲ್ಲಿ ಕೂತಿರ್ತಾನೆ. ಹುಟ್ಟಿದಾಗಿಂದ ಒಂದು ಭಾನುವಾರಾನೂ ತಪ್ಪಿಸಿಲ್ಲ. ಹಾಡು ಶುರುವಾದ್ರೆ ಇವನೂ ಹಾಡ್ತಾನೆ.

ಅಸ್ರಿಜಾಲ್: ನಮ್ಮ ಅಜ್ಜನ ಕಾಲದಿಂದ ಊರ ಬೇಟೆ ಭಾನುವಾರಾನೇ!

ತಿಯುರ್ಮಾ: ನಮ್ಮ ದೇವರ ಕಾಲದಿಂದ ಪ್ರಾರ್ಥನೆ ಭಾನುವಾರಾನೇ! ನೀವು ಶುಕ್ರವಾರ ಇಟ್ಕೊಳ್ಳಿ.

ಅಸ್ರಿಜಾಲ್: ಶುಕ್ರವಾರ ನಂಗೆ ನಮಾಜು!

ತಿಯುರ್ಮಾ: ಹಾಗಾದ್ರೆ ನಿಮ್ಮ ನಮಾಜು ನಮಾಜು, ಇವನ ಪ್ರಾರ್ಥನೆ ಪ್ರಾರ್ಥನೆ ಅಲ್ವಾ?

ಇಬ್ಬರ ದನಿಯೂ ಏರಿತು. ಬೇಲಿಯಾಚೆ ಹೋಗುತ್ತಿದ್ದವರು ನಿಂತು ನೋಡಿದರು. ಎಪ್ಪತ್ತೊಂದು ವರ್ಷ ನಾನು ಈ ಅಂಗಳ ಗುಡಿಸಿದ್ದೇನೆ, ಇಲ್ಲಿ ಧರ್ಮದ ಜಗಳ ಹುಟ್ಟಿದ್ದು ಅದೇ ಮೊದಲು. ಅಳಿಯನ ತೊಡೆಯ ಮೇಲೆ ಕಿಲೆಕ್ ಒಂದು ಕಡೆ, ಉಚೊಕ್ ಇನ್ನೊಂದು ಕಡೆ ತಲೆ ಇಟ್ಟು ಆಗಲೇ ನಿದ್ದೆ ಹೋಗಿದ್ದವು. ನಾನು ಪೊರಕೆಯನ್ನು ಕಂಬಕ್ಕೆ ಎರಡು ಸಲ ಬಡಿದೆ.

ನಾನು: ಸಾಕು ನಿಲ್ಸಿ! ಬೇಟೆಗೂ ಬೇಡ, ಪ್ರಾರ್ಥನೆಗೂ ಬೇಡ. ಭಾನುವಾರ ಅಂಗಳದಲ್ಲಿ ನನ್ನ ಭತ್ತ ಒಣಗುತ್ತೆ, ಕೋಳಿ ಅಟ್ಟೋಕೆ ಒಬ್ಬರು ಬೇಕು. ಧರ್ಮ ಇರೋರೆಲ್ಲ ವಾರಕ್ಕೊಂದು ದಿನ ರಜೆ ಕೇಳ್ತೀರ. ಕೇಳದೆ ಇರೋದು ಈ ಉಚೊಕ್ ಒಬ್ಬನೇ.