ರಾಣಿ, ಹೆಣ್ಣು, ಆರು ವರ್ಷ

ಹೊಳೆ ದಂಡೆಯ ಊರಿನ ತಲಾಠಿಗೆ ನಗುವ ಸಂಗತಿಗಳಿಗೇನೂ ಬರವಿಲ್ಲ, ನಗಲಿಕ್ಕೆ ಪುರುಸೊತ್ತು ಮಾತ್ರ ಇರುವುದಿಲ್ಲ. ಸರ್ಕಾರಿ ಕಾಗದದಲ್ಲಿ ನನ್ನ ಹುದ್ದೆಗೆ ಬೇರೆ ಉದ್ದನೆಯ ಹೆಸರಿದೆ. ನಮ್ಮ ಜನರ ಬಾಯಲ್ಲಿ ನಾನು ಇಂದಿಗೂ ತಲಾಠಿಯೇ, ಅಂದರೆ ಊರಿನ ಹೊಲ, ಮನೆ, ಜನ, ದನ ಎಲ್ಲವನ್ನೂ ದಫ್ತರದಲ್ಲಿ ಬರೆದಿಡುವವನು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ತಾಲೂಕಿನ ನೀರು ಕುಡಿದಿದ್ದೇನೆ. ಈಗ ಹೇಳುವುದು ಅವುಗಳಲ್ಲಿ ಯಾವುದರಲ್ಲಿ ನಡೆಯಿತೆಂದು ಮಾತ್ರ ಕೇಳಬೇಡಿ. ಇದರಲ್ಲಿ ಬರುವ ಮಾಸ್ತರರು ಇನ್ನೂ ನೌಕರಿಯಲ್ಲಿದ್ದಾರೆ. ನಾನೂ ಇದ್ದೇನೆ.

೧. ಮಳೆ ಸೊನ್ನೆ

ನಮ್ಮ ಕಡೆ ನೆರೆ ಬರುವಾಗ ಎಷ್ಟೋ ಸಲ ಬಿಸಿಲು ಹೊಡೆಯುತ್ತಿರುತ್ತದೆ. ಮಳೆ ಬೀಳುವುದು ಮಹಾರಾಷ್ಟ್ರದ ಘಟ್ಟದಲ್ಲಿ, ಮುಳುಗುವುದು ನಮ್ಮ ಕಬ್ಬು. ಮೇಲಿನವರು ನೀರು ಬಿಟ್ಟರೂ ಬರುವುದು ನಮಗೇ, ಕೆಳಗೆ ಆಲಮಟ್ಟಿಯಲ್ಲಿ ತಡೆದರೂ ಹಿನ್ನೀರು ನಮಗೇ. ಚಿಕ್ಕಪಡಸಲಗಿ ಬ್ಯಾರೇಜು ಮುಳುಗಿತಂತೆ ಎಂಬ ಸುದ್ದಿ ಬಂದರೆ ಸಾಕು, ನಮ್ಮ ಹೆಂಗಸರು ಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸುತ್ತಾರೆ.

ಆ ವರ್ಷ ಹೊಸದಾಗಿ ಬಂದಿದ್ದ ಸಾಹೇಬರೊಬ್ಬರು ವಿಡಿಯೋ ಮೀಟಿಂಗಿನಲ್ಲಿ ನಿಮ್ಮಲ್ಲಿ ಮಳೆ ಎಷ್ಟಾಗಿದೆ ಎಂದು ಕೇಳಿದರು. ಸೊನ್ನೆ ಎಂದೆ. ನೀರು ಎಲ್ಲಿಗೆ ಬಂದಿದೆ ಎಂದರು. ಹನುಮಪ್ಪನ ಗುಡಿಯ ಮೆಟ್ಟಿಲಿಗೆ ಎಂದೆ. ಮಳೆಯೇ ಇಲ್ಲದೆ ನೀರು ಹೇಗೆ ಬರುತ್ತದೆ, ವರದಿ ಸರಿಯಾಗಿ ಕೊಡಿ ಎಂದು ಗದರಿದರು. ಹೊಳೆ ಎಲ್ಲಿ ಹುಟ್ಟಿ ಎಲ್ಲಿ ಹರಿಯುತ್ತದೆ ಎಂಬುದರಿಂದ ಶುರು ಮಾಡೋಣವೆಂದು ಬಾಯಿ ತೆರೆದೆ, ನೆಟ್‌ವರ್ಕ್ ಹೋಯಿತು. ಟವರಿನ ಬುಡಕ್ಕೂ ನೀರು ಬಂದಿತ್ತು.

ಸಂಜೆ ಜೀಪಿನವನ ಕೈಯಲ್ಲಿ ಅವರ ಆದೇಶ ಬಂತು. ಅದರಲ್ಲಿ ಎರಡೇ ಸಾಲು. ನಾಳೆ ಮಧ್ಯಾಹ್ನದೊಳಗೆ ಊರಿನಲ್ಲಿ ಒಬ್ಬರೂ ಉಳಿಯಬಾರದು ಎನ್ನುವುದು ಮೊದಲನೆಯದು. ನೀರು ಎಲ್ಲಿಂದ ಬಂತು ಎಂಬುದನ್ನು ಸ್ಥಳ ಪರಿಶೀಲಿಸಿ ತಿಳಿಸುವುದು, ಇದು ಎರಡನೆಯದು.

೨. ಮುಂದಿನ ಟ್ರಿಪ್ಪು

ಮರುದಿನ ಊರೆಲ್ಲ ಖಾಲಿಯಾಯಿತು, ಒಬ್ಬ ಮುತ್ಯಾ ಉಳಿದ. ಕುರುಬರ ಹಿರಿಯ, ಎಪ್ಪತ್ತೈದು ದಾಟಿದವನು. ಮಕ್ಕಳು ಕುರಿ ಹೊಡೆದುಕೊಂಡು ಬೀಳಗಿ ಗುಡ್ಡದ ಕಡೆ ಹೋಗಿದ್ದರು, ಸೊಸೆಯಂದಿರು ಮೊದಲ ಬೋಟಿನಲ್ಲೇ ದಾಟಿದ್ದರು. ಇವನು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಪಕ್ಕದಲ್ಲಿ ರಾಣಿ. ರಾಣಿ ಎಂದರೆ ಮುಧೋಳ ನಾಯಿ. ಉದ್ದ ಮೂತಿ, ಎಣಿಸಬಹುದಾದ ಪಕ್ಕೆಲುಬು, ತಲಾಠಿ ಬಂದರೂ ಏಳದ ಗತ್ತು.

ಇದರ ಹಿಂದಿನ ದೊಡ್ಡ ನೆರೆಯಲ್ಲಿ ರಾಣಿಯ ತಾಯಿ ಅದೇ ಕಟ್ಟೆಯ ಕಂಬಕ್ಕೆ ಕಟ್ಟಿದಲ್ಲೇ ಮುಳುಗಿ ಸತ್ತಿತ್ತು. ಬೋಟಿನಲ್ಲಿ ಜಾಗವಿಲ್ಲ, ಮುಂದಿನ ಟ್ರಿಪ್ಪಿಗೆ ತರುತ್ತೇವೆ ಎಂದು ಹೇಳಿ ಮುತ್ಯಾನನ್ನು ಹತ್ತಿಸಿದ್ದರು. ನೀರು ಒಮ್ಮೆಲೇ ಏರಿ ಮುಂದಿನ ಟ್ರಿಪ್ಪು ಆಗಲೇ ಇಲ್ಲ. ಕಂಬಳಿಯೊಳಗೆ ಬಚ್ಚಿಟ್ಟುಕೊಂಡಿದ್ದ ಮರಿಯೊಂದು ಉಳಿಯಿತು, ಅದೇ ರಾಣಿ. ಅಂದಿನಿಂದ ಮುತ್ಯಾ ನಾಯಿಗೆ ಸರಪಳಿ ಹಾಕಿದವನಲ್ಲ. ಹೊಳೆ ಬಂದರೆ ನಾಯಿ ಬಿಟ್ಟು ಕದಲುವುದಿಲ್ಲ ಎಂದು ಬೀರಪ್ಪನ ಭಂಡಾರ, ಅಂದರೆ ಗುಡಿಯ ಅರಿಶಿನ, ಮುಟ್ಟಿ ಆಣೆ ಮಾಡಿದ್ದ. ಭಂಡಾರ ಮುಟ್ಟಿದ ಮೇಲೆ ಅವನ ಮನಸ್ಸು ಬದಲಿಸುವುದು ಯಾವ ಸಾಹೇಬರಿಂದಲೂ ಆಗದ ಕೆಲಸ.

ನಾನು ಕೈಮುಗಿದೆ, ನೀರು ತೋರಿಸಿದೆ, ನನ್ನ ನೌಕರಿ ಹೋಗುತ್ತದೆ ಎಂದೂ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

"ಹ್ವಾದ ಸಲ ಮುಂದಿನ ಟ್ರಿಪ್ಪಿಗೆ ನಾಯಿ ತರ್ತೀವಂದ್ರಿ. ಈ ಸಲ ಮೊದಲ ಈಕೀನ ಒಯ್ರಿ. ಮುಂದಿನ ಟ್ರಿಪ್ಪಿಗೆ ನಾ ಬರ್ತೀನಿ."

ಬೋಟಿನವರು ಒಪ್ಪಲಿಲ್ಲ. ಪ್ರಾಣಿ ಹತ್ತಿಸುವಂತಿಲ್ಲ, ಹತ್ತಿದವರೆಲ್ಲರ ಹೆಸರು ಪಟ್ಟಿಯಲ್ಲಿರಬೇಕು, ಇಳಿಯುವಾಗ ತಲೆ ಎಣಿಸುತ್ತೇವೆ ಎಂದರು. ನೀರು ಕಟ್ಟೆಯ ಎರಡನೆಯ ಕಲ್ಲಿಗೆ ಬಂದಿತ್ತು. ನಾನು ಪಟ್ಟಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ರಾಣಿ, ಹೆಣ್ಣು ಎಂದು ಬರೆದೆ. ವಯಸ್ಸು ಕೇಳಿದೆ, ಆರು ಎಂದ. ಸಂಬಂಧ ಏನೆಂದು ಕೇಳಿದೆ. ಮುತ್ಯಾ ರಾಣಿಯನ್ನು ಕಂಬಳಿಯೊಳಗೆ ಎಳೆದುಕೊಂಡ.

"ಮಗಳು ಅಂತ ಬರ್ಕೋರಿ."

ಬರೆದೆ. ಕಂಬಳಿಯೊಳಗೆ ಮುತ್ಯಾ ಒಬ್ಬನೇ ಇಲ್ಲವೆಂಬುದು ಕುರುಡನಿಗೂ ಗೊತ್ತಾಗುವಂತಿತ್ತು. ಬೋಟಿನ ಮುಖ್ಯಸ್ಥ ಹೊರಗೆ ಬಂದಿದ್ದ ಮೂತಿಯನ್ನು ನೋಡಿದ, ನನ್ನ ಪಟ್ಟಿ ನೋಡಿದ, ಏರುತ್ತಿದ್ದ ನೀರು ನೋಡಿದ. ಆಮೇಲೆ ಎಂಜಿನ್ನಿನ ಹಗ್ಗ ಎಳೆಯುತ್ತ ಕೂಸು ಬಹಳ ಸೊರಗಿದೆ, ಹೊಟ್ಟೆಗೆ ಸರಿಯಾಗಿ ಹಾಕಿರಿ ಎಂದ.

೩. ಫ್ರಾಕು ಮತ್ತು ಮೊಟ್ಟೆ

ಕಲ್ಯಾಣ ಮಂಟಪವೊಂದರಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಅಲ್ಲಿ ಪಟ್ಟಿಯನ್ನು ದೊಡ್ಡ ರಿಜಿಸ್ಟರಿಗೆ ಇಳಿಸಿದ ಗುಮಾಸ್ತರು ಬಹಳ ಜಾಗರೂಕ ಮನುಷ್ಯ. ಎಪ್ಪತ್ತೈದರ ಮುದುಕನಿಗೆ ಆರು ವರ್ಷದ ಮಗಳು ಇರಲಿಕ್ಕಿಲ್ಲ, ತಲಾಠಿ ಅವಸರದಲ್ಲಿ ತಪ್ಪಿದ್ದಾನೆ ಎಂದು ಮಗಳು ಎಂಬುದನ್ನು ಹೊಡೆದುಹಾಕಿ ಮೊಮ್ಮಗಳು ಎಂದು ತಿದ್ದಿದರು. ತಿದ್ದಿದ್ದಕ್ಕೆ ಸಹಿಯನ್ನೂ ಹಾಕಿದರು.

ಹೆಸರು ರಿಜಿಸ್ಟರಿಗೆ ಏರಿದ ಮೇಲೆ ಸೌಲಭ್ಯಗಳು ತಾವಾಗಿಯೇ ಬರತೊಡಗಿದವು. ಮಕ್ಕಳಿಗೆ ದಿನಕ್ಕೊಂದು ಬೇಯಿಸಿದ ಮೊಟ್ಟೆ, ರಾಣಿಗೂ ಒಂದು. ರಬಕವಿಯಿಂದ ನೇಕಾರ ಮನೆತನದವರು ಹೆಂಗಸರಿಗೆ ಸೀರೆ, ಮಕ್ಕಳಿಗೆ ಬಟ್ಟೆ ತಂದು ಹೆಸರು ಕೂಗಿ ಹಂಚಿದರು. ರಾಣಿ ಎಂದಾಗ ಮುತ್ಯಾ ಎದ್ದು ಹೋಗಿ ಹಳದಿ ಫ್ರಾಕು ಇಸಿದುಕೊಂಡು ಬಂದ. ನಾಯಿಗೆ ಅದನ್ನು ಯಾಕೆ ತೆಗೆದುಕೊಂಡೆ ಎಂದು ನಾನು ಮೆಲ್ಲಗೆ ಬೈದರೆ, ಪ್ರೀತಿಯಿಂದ ಕೊಡುವವರ ಕೈಯನ್ನು ಹಿಂದಕ್ಕೆ ಕಳಿಸಬಾರದು ಎಂದು ನನಗೇ ಬುದ್ಧಿ ಹೇಳಿದ. ಮಡಿಕೆ ಬಿಚ್ಚದೆ ಚೀಲದ ತಳದಲ್ಲಿಟ್ಟ. ಸೊಸೆಯೊಬ್ಬಳು ಬಸುರಿಯಾಗಿದ್ದಳು, ಆಮೇಲೆ ಉಪಯೋಗಕ್ಕೆ ಬರುತ್ತದೆ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು.

ಇಡೀ ಊರಿಗೆ ವಿಷಯ ಗೊತ್ತು, ಒಬ್ಬರೂ ತುಟಿ ಬಿಚ್ಚಲಿಲ್ಲ. ಮನೆ ಮುಳುಗಿ ಕೂತ ಜನ ಆ ವಾರ ಹೊಟ್ಟೆ ಹಿಡಿದು ನಕ್ಕಿದ್ದೇನಾದರೂ ಇದ್ದರೆ ಅದೊಂದಕ್ಕೇ. ನಾನು ಮಾತ್ರ ಯಾರು ಒಳಗೆ ಬಂದರೂ ಬೆವರುತ್ತಿದ್ದೆ.

ನಾಲ್ಕನೆಯ ದಿನ ಆಸ್ಪತ್ರೆಯ ಸಿಸ್ಟರು ಸೂಜಿ ಹಿಡಿದು ಬಂದು ರಾಣಿ ಎಲ್ಲಿ, ಚುಚ್ಚುಮದ್ದು ಬಾಕಿ ಇದೆ ಎಂದರು. ಎಲ್ಲರೂ ಒಟ್ಟಿಗೆ ಮೂಲೆಯತ್ತ ಕೈ ತೋರಿಸಿದರು. ಅವರು ಮೂಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈಗುಳಕ್ಕೆ ಕಾದು ನಿಂತೆ. ಅವರು ಪಶುವೈದ್ಯರಿಗೆ ಫೋನ್ ಮಾಡಿ ಕರೆಸಿ, ರಾಣಿಗೆ ಹಾಕಬೇಕಾದ್ದನ್ನೇ ಹಾಕಿಸಿದರು. ರಿಜಿಸ್ಟರಿನಲ್ಲಿ ರಾಣಿಯ ಹೆಸರಿನ ಮುಂದೆ ಲಸಿಕೆ ಹಾಕಲಾಗಿದೆ ಎಂದು ಬರೆದರು. ಆ ಸಾಲಿನಲ್ಲಿ ಸುಳ್ಳಾಗಿ ಉಳಿದದ್ದು ಗುಮಾಸ್ತರು ತಿದ್ದಿದ ಮಾತೊಂದೇ.

೪. ಕುರಿ ಹಿಂದೆ

ನೀರು ಇಳಿಯಿತು, ಜನ ಊರಿಗೆ ಮರಳಿ ಕೆಸರು ಬಳಿದರು. ನಾನೂ ರಾಣಿಯ ವಿಷಯ ಮರೆತೆ. ರಿಜಿಸ್ಟರು ಮರೆಯಲಿಲ್ಲ. ನೆರೆಯಲ್ಲಿ ಪುಸ್ತಕ ಕಳೆದುಕೊಂಡ ಮಕ್ಕಳಿಗೆ ಹೊಸದು ಕೊಡಬೇಕೆಂದು ಅದರೊಳಗಿನ ಮಕ್ಕಳ ಹೆಸರನ್ನೆಲ್ಲ ಶಾಲೆಗಳಿಗೆ ಕಳಿಸಿದ್ದರು. ಹೊಸದಾಗಿ ಬಂದಿದ್ದ ಮಾಸ್ತರರಿಗೆ ಆರು ವರ್ಷದ ರಾಣಿ ಯಾವ ಶಾಲೆಯಲ್ಲೂ ಇಲ್ಲವೆಂಬುದು ಕಂಡುಬಿಟ್ಟಿತು. ಒಳ್ಳೆಯ ಮನುಷ್ಯ. ಒಂದು ಮಗು ಎರಡು ದಿನ ಬರದಿದ್ದರೆ ಮನೆ ಹುಡುಕಿಕೊಂಡು ಹೋಗುವವರು. ಮುತ್ಯಾನ ಮನೆಗೂ ಹೋದರು.

ರಾಣಿ ಯಾಕೆ ಶಾಲೆಗೆ ಬಂದಿಲ್ಲ ಎಂದು ಕೇಳಿದರಂತೆ. ಊರಿಗೆಲ್ಲ ಗೊತ್ತಿರುವ ಸಂಗತಿ ಮಾಸ್ತರರಿಗೂ ಗೊತ್ತಿದೆ, ತಮಾಷೆಗೆ ಕೇಳುತ್ತಿದ್ದಾರೆ ಎಂದುಕೊಂಡ ಮುತ್ಯಾ, ಕುರಿ ಹಿಂದೆ ಹೋಗಿದ್ದಾಳೆ, ಸುಗ್ಗಿ ಮುಗಿದ ಮೇಲೆ ಬರುತ್ತಾಳೆ ಎಂದ. ರಾತ್ರಿ ಎಲ್ಲಿ ಮಲಗುತ್ತಾಳೆ ಎಂದು ಮಾಸ್ತರರು ಕೇಳಿದರಂತೆ.

"ಕುರಿ ನಡುವ ಮಲಗತಾಳ್ರಿ. ತ್ವಾಳ ಬಂದ್ರ ಆಕೀನ ಅದನ್ನ ಹಿಡೀಬೇಕಲ್ರಿ."

ಮಾಸ್ತರರು ಅಲ್ಲಿಂದ ನೇರ ಶಾಲೆಗೆ ಹೋಗಿ ತಾಲೂಕಾ ಕಚೇರಿಗೆ ಮೂರು ಪುಟದ ಪತ್ರ ಬರೆದರು. ಆರು ವರ್ಷದ ಹೆಣ್ಣುಮಗುವನ್ನು ತೋಳದ ಬಾಯಿಗೆ ಒಡ್ಡಿ ಕುರಿ ಕಾಯಿಸುತ್ತಿರುವ ಬಗ್ಗೆ ಎಂಬುದು ಅದರ ವಿಷಯ. ಆಧಾರ ಎಂಬಲ್ಲಿ ನನ್ನ ಸಹಿ ಇದ್ದ ಪಟ್ಟಿ.

೫. ಮೂರು ಕಾಲಮ್ಮು

ಮಗುವಿನೊಂದಿಗೆ ಹಾಜರಾಗಬೇಕು ಎಂದು ಮುತ್ಯಾನಿಗೆ ನೋಟಿಸು ಹೋಯಿತು, ನನಗೆ ಬೇರೆಯೇ ನೋಟಿಸು. ಸುಳ್ಳು ನಮೂದು ಎಂದರೆ ನೌಕರಿಯ ಮಾತು.

ತಹಶೀಲ್ದಾರರು ಹೆಣ್ಣುಮಗಳು, ನಗುವ ಸ್ವಭಾವದವರಲ್ಲ. ಮಾಸ್ತರರು ಮೊದಲೇ ಬಂದು ಕೂತಿದ್ದರು. ತೊಡೆಯ ಮೇಲೆ ಹೊಸ ಪಾಟೀಚೀಲ, ಅದರಲ್ಲಿ ಪಾಟಿ, ಬಳಪ, ಪುಸ್ತಕ, ತಾವೇ ಕೊಂಡು ತಂದ ಸಮವಸ್ತ್ರ. ಮುತ್ಯಾ ರಾಣಿಯ ಜತೆ ಒಳಗೆ ಬಂದ. ರಾಣಿ ಕೋಣೆಯನ್ನೊಮ್ಮೆ ನೋಡಿ, ಫ್ಯಾನಿನ ಗಾಳಿ ಚೆನ್ನಾಗಿ ಬೀಳುವ ಕಡೆ ಮಲಗಿತು. ಮಗು ಎಲ್ಲಿ ಎಂದು ಮೇಡಮ್ಮು ಕೇಳಿದರು. ಮುತ್ಯಾ ಕೈ ತೋರಿಸಿದ. ಮಾಸ್ತರರು ರಾಣಿಯನ್ನು ನೋಡಿ, ಪಾಟೀಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡು ತಲೆ ತಗ್ಗಿಸಿದರು. ನನಗೆ ನಾಚಿಕೆಯಾದದ್ದು ಆಗಲೇ.

ಹೀಗೇಕೆ ಬರೆದಿರಿ ಎಂದು ಮೇಡಮ್ಮು ನನ್ನನ್ನು ಕೇಳಿದರು. ಜೀವ ಉಳಿಸಲು ಎಂದು ಹೇಳಿ ಪಾರಾಗಬಹುದಿತ್ತು. ಆದರೆ ಬೇರೆ ಮಾತು ಬಾಯಿಗೆ ಬಂತು. ಹಿಂದಿನ ನೆರೆಯಲ್ಲಿ ಮುಂದಿನ ಟ್ರಿಪ್ಪಿಗೆ ತರುತ್ತೇವೆ ಎಂದು ಹೇಳಿದವನು ನಾನೇ. ನಾಯಿ ಬೋಟಿನ ಹಿಂದೆ ನೀರಿಗೆ ಹಾರೀತು, ಕಟ್ಟಿ ಬಾ ಮುತ್ಯಾ ಎಂದವನೂ ನಾನೇ. ಅಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ, ಮುತ್ಯಾನೂ ಯಾರ ಮುಂದೆಯೂ ನನ್ನ ಹೆಸರು ಎತ್ತಿರಲಿಲ್ಲ. ಮುತ್ಯಾ ನೆಲ ನೋಡುತ್ತ ನಿಂತಿದ್ದ.

ಮೇಡಮ್ಮು ಆ ರಿಜಿಸ್ಟರು ಬರೆದ ಗುಮಾಸ್ತರನ್ನು ಒಳಗೆ ಕರೆಸಿದರು. ಏನೇ ಆದರೂ ಕಡತ ಮುಗಿಯಬೇಕಲ್ಲ. ಮಗುವಿನ ಹೆಸರು ಒಮ್ಮೆ ಕಂಪ್ಯೂಟರಿಗೆ ಏರಿದರೆ ತೆಗೆಯಲು ಬರುವುದಿಲ್ಲ, ಮೂರು ಕಾಲಮ್ಮಿನಲ್ಲಿ ಒಂದನ್ನು ತುಂಬಲೇಬೇಕು ಎಂದರು ಗುಮಾಸ್ತರು. ಶಾಲೆಗೆ ಸೇರಿದೆ, ವಲಸೆ ಹೋಗಿದೆ, ಮರಣ ಹೊಂದಿದೆ. ಮರಣ ಎಂದು ಹಾಕಿಬಿಟ್ಟರೆ ಯಾರೂ ಮತ್ತೆ ಕೇಳುವುದಿಲ್ಲ ಎಂದು ಅವರೇ ದಾರಿ ತೋರಿಸಿದರು.

ಮುತ್ಯಾ ತಲೆ ಎತ್ತಿದ. "ಅದನ್ನ ಇಕಿ ಅವ್ವನ ಹೆಸರಿನ ಮುಂದ ಬರೀರಿ. ಆಕೀದು ಯಾರೂ ಬರದಿಲ್ಲ. ಇಕಿ ಮುಂದ ಬರೀಬ್ಯಾಡ್ರಿ."

ಗುಮಾಸ್ತರು ಪೆನ್ನು ಕೆಳಗಿಟ್ಟರು. ಕಡತ ನಿಂತದ್ದು ತನ್ನಿಂದಲೇ ಎಂದು ಮುತ್ಯಾನಿಗೆ ಮುಜುಗರವಾಗಿರಬೇಕು. ತಾನೇ ಒಂದು ಉಪಾಯ ಹೇಳಿದ. ಲಗ್ನ ಮಾಡಿ ಕೊಟ್ಟಿದ್ದಾರೆ, ಗಂಡನ ಮನೆಗೆ ಹೋಗಿದ್ದಾಳೆ ಎಂದು ಬರೆದುಕೊಳ್ಳಿರಿ ಎಂದ.

ಮೇಡಮ್ಮು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆರು ವರ್ಷದಾಕಿ ಲಗ್ನಾ ಮಾಡೇನಿ ಅಂದ್ರ ನಿನ್ನನ್ನ ಒಳಗ ಹಾಕಬೇಕಾಗ್ತದ, ಮುತ್ಯಾ."

ಮೊದಲು ನಕ್ಕವರು ಮಾಸ್ತರರು. ಕಣ್ಣು ಒರೆಸಿಕೊಳ್ಳುತ್ತ ನಕ್ಕರು. ಕುರಿಯ ಜತೆ ಊರೂರು ತಿರುಗುವವಳು ವಲಸೆಯೇ ಅಲ್ಲವೇ ಎಂದು ಅವರೇ ಹೇಳಿದರು. ವಲಸೆ ಎಂದು ಬರೆದು ಸಾಕ್ಷಿಗೆ ಮಾಸ್ತರರ ಸಹಿ ಪಡೆದರು. ನನಗೆ ಬರವಣಿಗೆಯಲ್ಲಿ ತಾಕೀತು ಸಿಕ್ಕಿತು. ಮುಂದಿನ ಮಳೆಗಾಲದಿಂದ ಬೋಟಿನ ಪಟ್ಟಿಯಲ್ಲಿ ನಾಯಿಗೊಂದು ಕಾಲಮ್ಮು ಗೆರೆ ಎಳೆದು ಹಾಕಿಕೊಳ್ಳಿ, ಬೋಟಿನವರಿಗೆ ನಾನು ಹೇಳುತ್ತೇನೆ ಎಂದೂ ಮೇಡಮ್ಮು ಹೇಳಿದರು.

ಮರುವರ್ಷ ಹೊಳೆ ಮತ್ತೆ ಬಂತು, ಆಗಲೂ ಬಿಸಿಲೇ. ಪಟ್ಟಿ ಹಿಡಿದು ಹೋಗಿ ನೋಡಿದರೆ ಮುತ್ಯಾ ಯಾರೂ ಕರೆಯದೆ ಮೊದಲ ಬೋಟಿನಲ್ಲಿ ಕೂತಿದ್ದ. ರಾಣಿ ಕಂಬಳಿಯ ಹೊರಗೆ, ಎಲ್ಲರಿಗೂ ಕಾಣುವಂತೆ, ಮುಂದಿನ ಹಲಗೆಯ ಮೇಲೆ. ಏನು ಬರೆದಿರಿ, ಓದಿರಿ ಎಂದ. ನಾಯಿ ಒಂದು ಎಂದು ಓದಿದೆ. ಅವನ ಮುಖ ಸಪ್ಪಗಾಯಿತು. ಹೋದ ವರ್ಷ ಹೆಸರು ಬರೆದಿದ್ದಿರಲ್ಲ ಎಂದ. ತಾಕೀತಿನ ಕಾಗದ ನೆನಪಾಯಿತು, ಕಟ್ಟೆಯ ಕಂಬವೂ ಎದುರಿಗೇ ಕಾಣುತ್ತಿತ್ತು. ನಾಯಿಯ ಕಾಲಮ್ಮಿನಲ್ಲೇ ಸಣ್ಣ ಅಕ್ಷರದಲ್ಲಿ ರಾಣಿ, ಹೆಣ್ಣು, ಏಳು ವರ್ಷ, ಮಗಳು ಎಂದು ಬರೆದು ಓದಿ ಹೇಳಿದೆ.

ನಾನೂ ಹತ್ತಿದೆ, ಬೋಟು ದಂಡೆ ಬಿಟ್ಟಿತು. ನಾಲ್ಕು ಮಾರು ಹೋದ ಮೇಲೆ ಮುತ್ಯಾ ನನ್ನ ಕಡೆ ಬಾಗಿದ.

"ಸಾಹೇಬ್ರ, ಸಾಲಿ ಮುಗಸ್ಯಾಳ ಅಂತ ಒಂದ ಮಾತ ಸೇರಸ್ರಿ. ಪಾಪ, ಆ ಮಾಸ್ತರು ಮತ್ತ ಪಾಟೀಚೀಲ ತುಗೊಂಡ ಬರ್ತಾರ."

ಅದನ್ನೂ ಬರೆದೆ.