ನಲವತ್ತೊಂದನೆಯ ಪುಟ

ಗ್ರಂಥಪಾಲಕಿ ಎಂದರೆ ಬೆಳಗಿನಿಂದ ಸಂಜೆಯವರೆಗೆ ಫ್ಯಾನಿನ ಕೆಳಗೆ ಕೂತು ಕತೆ ಓದುವವಳು ಎಂದು ಲೋಕ ತಿಳಿದುಕೊಂಡಿದೆ. ಲೋಕದ ಮಾತು ಹಾಗಿರಲಿ, ನನ್ನ ಮನೆಯವರೂ ಹಾಗೇ ತಿಳಿದುಕೊಂಡಿದ್ದಾರೆ. "ನಿಂಗೇನು ಮಾರಾಯ್ತಿ, ಓದೋದೇ ಕೆಲಸ, ಕೆಲಸಾನೇ ಓದೋದು" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಕಾಫಿ ರುಚಿಸುವುದಿಲ್ಲ. ನಾನೂ ಇಷ್ಟು ವರ್ಷ ಸುಮ್ಮನೆ ಮುಗುಳ್ನಕ್ಕು ಆ ಗೌರವವನ್ನು ಅನುಭವಿಸಿಕೊಂಡು ಬಂದೆ. ಈಗ ನಿಮ್ಮ ಹತ್ತಿರ ನಿಜ ಹೇಳಿಬಿಡುತ್ತೇನೆ. ಭದ್ರಾವತಿಯ ನಮ್ಮ ಪುಟ್ಟ ಗ್ರಂಥಾಲಯದಲ್ಲಿರುವ ಸಾವಿರಾರು ಪುಸ್ತಕಗಳಲ್ಲಿ ನಾನು ತಪ್ಪದೆ, ಶ್ರದ್ಧೆಯಿಂದ, ಒಂದನ್ನೂ ಬಿಡದೆ ಓದಿರುವುದು ಒಂದೇ ಪುಟ. ಅದು ನಲವತ್ತೊಂದನೆಯ ಪುಟ.

ಇದಕ್ಕೆ ಕಾರಣವಿದೆ. ಹೊಸ ಪುಸ್ತಕ ಬಂದರೆ ಅದರ ಮೊದಲ ಪುಟಕ್ಕೆ, ಕೊನೆಯ ಪುಟಕ್ಕೆ ಗ್ರಂಥಾಲಯದ ಮೊಹರು ಒತ್ತುತ್ತೇವೆ. ಕದಿಯುವವನು ಜಾಣನಾದರೆ ಆ ಎರಡು ಹಾಳೆಗಳನ್ನು ಹರಿದುಹಾಕಿ ಪುಸ್ತಕ ತನ್ನದೇ ಎನ್ನಬಹುದು. ಅದಕ್ಕೇ ಒಳಗೆಲ್ಲೋ ಒಂದು ಗುಟ್ಟಿನ ಪುಟ ಇಟ್ಟುಕೊಂಡು ಅಲ್ಲಿಯೂ ಮೊಹರು ಒತ್ತುವುದು ನಮ್ಮ ಕಸುಬಿನ ಪದ್ಧತಿ. ನಮ್ಮಲ್ಲಿ ಅದು ನಲವತ್ತೊಂದು. ಒತ್ತಿದ ಮೊಹರಿನ ಶಾಯಿ ಒಣಗುವವರೆಗೆ ಪುಸ್ತಕವನ್ನು ಬಿಡಿಸಿ ಹಿಡಿದು ಊದುತ್ತಿರಬೇಕು. ಊದುವಾಗ ಬಾಯಿಗೆ ಕೆಲಸ, ಕಣ್ಣಿಗೆ ಬಿಡುವು. ಹಾಗಾಗಿ ಕನ್ನಡದ ಎಷ್ಟೋ ಕಾದಂಬರಿಗಳಲ್ಲಿ ನಲವತ್ತೊಂದನೆಯ ಪುಟದ ಹೊತ್ತಿಗೆ ಏನಾಗುತ್ತಿರುತ್ತದೆ ಎಂದು ನನ್ನಷ್ಟು ಖಚಿತವಾಗಿ ಬಲ್ಲವರು ಇನ್ನೊಬ್ಬರಿರಲಾರರು. ನಾಯಕ ರೈಲು ಹತ್ತಿರುತ್ತಾನೆ. ನಾಯಕಿಗೆ ಜ್ವರ ಬಂದಿರುತ್ತದೆ. ಪತ್ತೇದಾರಿ ಕತೆಯಾದರೆ ಒಂದು ಹೆಣ ಬಿದ್ದು, ಎರಡನೆಯದು ಬೀಳುವುದರಲ್ಲಿರುತ್ತದೆ. ಆಮೇಲೆ ಜ್ವರ ಇಳಿಯಿತೇ, ರೈಲು ಊರು ಮುಟ್ಟಿತೇ ಎಂದು ನನ್ನನ್ನು ಕೇಳಬೇಡಿ. ಹಾಳೆ ತಿರುವಿದರೆ ಹಸಿ ಶಾಯಿ ಅಂಟಿಕೊಳ್ಳುತ್ತದೆ.

ಈ ಒಂದು ಪುಟದ ಬಂಡವಾಳದಲ್ಲಿ ಇಪ್ಪತ್ತು ವರ್ಷ ಮರ್ಯಾದೆಯಿಂದ ಬದುಕಿದ್ದೇನೆ. ಓದುಗರು "ಈ ಪುಸ್ತಕ ಹೇಗಿದೆ ಮೇಡಂ?" ಎಂದು ಕೇಳಿದರೆ, ಕನ್ನಡಕವನ್ನು ಸ್ವಲ್ಪ ಕೆಳಗಿಳಿಸಿ, "ಆ ಜ್ವರದ ಸನ್ನಿವೇಶ ಇದೆಯಲ್ಲ, ಬಹಳ ಚೆನ್ನಾಗಿ ಬಂದಿದೆ" ಎನ್ನುತ್ತೇನೆ. "ಕೊನೆಗೆ ಏನಾಗುತ್ತೆ?" ಎಂದರೆ, "ಅದನ್ನ ಹೇಳಿದ್ರೆ ಓದೋ ಮಜಾನೇ ಹೋಗುತ್ತೆ." ಎಷ್ಟು ಓದಿದ್ದಾರೆ ನೋಡಿ ಎಂದು ಅವರು ತಲೆದೂಗಿ ಹೋಗುತ್ತಾರೆ. ಈ ಧೈರ್ಯ ಯಾವ ಮಟ್ಟಕ್ಕೆ ಹೋಯಿತೆಂದರೆ, ನನ್ನ ಮೇಜಿನ ಪಕ್ಕದಲ್ಲಿ ಒಂದು ಸಣ್ಣ ಕಪಾಟು ಇಟ್ಟು, 'ಗ್ರಂಥಪಾಲಕಿ ಮೆಚ್ಚಿದ ಪುಸ್ತಕಗಳು' ಎಂದು ಬೋರ್ಡು ಕೂಡ ಹಾಕಿಸಿದ್ದೇನೆ. ಅದರಲ್ಲಿ ರಟ್ಟು ಚೆನ್ನಾಗಿರುವ ಪುಸ್ತಕಗಳಿವೆ.

ಹಾಗೆಂದು ನಾನು ಹುಟ್ಟಾ ಓದದವಳೇನಲ್ಲ. ಹುಡುಗಿಯಾಗಿದ್ದಾಗ ಕಾದಂಬರಿ ಹಿಡಿದು ಹಾಲು ಕಾಯಿಸಲು ನಿಂತು, ವಾರದಲ್ಲಿ ನಾಲ್ಕು ದಿನ ಒಲೆಗೇ ನೈವೇದ್ಯ ಮಾಡುತ್ತಿದ್ದೆ. ಈ ಕೆಲಸಕ್ಕೆ ಸೇರಿದ್ದೇ ಆ ಹುಚ್ಚಿನಿಂದ. ಸೇರಿದ ಮೇಲೆ ಪುಸ್ತಕಗಳ ದೂಳು ಹೊಡೆಯುವುದು, ಕಳೆದದ್ದನ್ನು ಹುಡುಕುವುದು, ಪೇಪರಿಗಾಗಿ ಕಿತ್ತಾಡುವ ಹಿರಿಯರನ್ನು ಸಮಾಧಾನ ಮಾಡುವುದು, ಇದರಲ್ಲೇ ದಿನ ಹೋಗುತ್ತದೆ. ಉಳಿದದ್ದು ಬಸ್ಸು. ಶಿವಮೊಗ್ಗದ ಆಲ್ಕೊಳದಲ್ಲಿ ಮನೆ. ಅಲ್ಲಿಂದ ಸಿಟಿ ಬಸ್ಸಿನಲ್ಲಿ ಬಸ್ ಸ್ಟ್ಯಾಂಡಿಗೆ ಬಂದು ಭದ್ರಾವತಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಪುಸ್ತಕ ಬಿಡಿಸುತ್ತೇನೆ. ಊರು ದಾಟುವಷ್ಟರಲ್ಲಿ ಗಾಳಿ ಬೀಸುತ್ತದೆ, ಕಣ್ಣು ಎಳೆಯುತ್ತದೆ. "ಮೇಡಂ, ಭದ್ರಾವತಿ ಬಂತು, ಪುಸ್ತಕ ಎತ್ಕೊಳ್ಳಿ" ಎಂದು ಕಂಡಕ್ಟರ್ ಎಬ್ಬಿಸುತ್ತಾರೆ.

ಆದರೂ ವಸಂತ ಬಂತೆಂದರೆ ನನಗೆ ಹಳೆಯ ಹುಚ್ಚು ಮರಳುತ್ತದೆ. ಗ್ರಂಥಾಲಯದ ಪೂರ್ವದ ಕಿಟಕಿಗೆ ಅಡ್ಡವಾಗಿ ಒಂದು ದೊಡ್ಡ ಹೊಂಗೆ ಮರವಿದೆ. ವರ್ಷವಿಡೀ ಅದು ಬಿಸಿಲನ್ನು ಒಳಗೆ ಬಿಡುವುದಿಲ್ಲ. ಯುಗಾದಿಗೆ ಮುಂಚೆ ಎಲೆಯೆಲ್ಲ ಉದುರಿಸಿಕೊಂಡು ನಿಂತಾಗ ಮಾತ್ರ, ಬೆಳಗಿನ ಹೊತ್ತು ಬಿಸಿಲು ಓರೆಯಾಗಿ ಬಂದು ಮೇಜಿನ ಮೇಲೆ ಬೀಳುತ್ತದೆ. ಎಲ್ಲ ಸೇರಿ ಎರಡು ಮೂರು ವಾರ, ಅಷ್ಟೇ. ಆಮೇಲೆ ಹೊಳೆಯುವ ಎಳೆ ಚಿಗುರು ಬಂದು ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಬಿಸಿಲು ನೋಡಿದರೆ ಮನಸ್ಸಿಗೆ ಎಂಥದೋ ಖುಷಿ. ಈ ಸಲ ಓದಿಯೇ ತೀರುತ್ತೇನೆ ಎಂದು ಪ್ರತಿ ವರ್ಷ ನಿರ್ಧರಿಸುತ್ತೇನೆ. ಪ್ರತಿ ವರ್ಷ ಆ ಉತ್ಸಾಹವೆಲ್ಲ ದೂಳು ಹೊಡೆಯುವುದರಲ್ಲಿ ಖರ್ಚಾಗುತ್ತದೆ.

ಈ ವರ್ಷ ಆದದ್ದು ಇನ್ನೂ ಘನವಾದ ಕೆಲಸ. ಹೋದ ವರ್ಷ ಬಂದಿದ್ದ ಮೇಲಧಿಕಾರಿಯೊಬ್ಬರು ಯಾವುದೋ ಪುಸ್ತಕ ತೆಗೆದು, "ಏನ್ರೀ ಇದು, ಓದೋರು ಪೆನ್ಸಿಲ್ಲಲ್ಲಿ ಗೀಚಿದಾರೆ, ನೀವು ನೋಡಲ್ವಾ?" ಎಂದಿದ್ದರು. ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿತ್ತು. ಈ ಸಲ ಅವರು ಬರುವುದರೊಳಗೆ ಒಂದು ಗೆರೆಯೂ ಇರಬಾರದು ಎಂದು, ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಂದು ಡಜನ್ ರಬ್ಬರ್ ತಂದು ಸೆರಗು ಸಿಕ್ಕಿಸಿ ಕೂತೆ. ನೋಡಿದರೆ ಗೀಚಿದ್ದೆಲ್ಲ ಹೆಚ್ಚಾಗಿ ನನ್ನ ನಲವತ್ತೊಂದನೆಯ ಪುಟದ ಮೂಲೆಯಲ್ಲೇ! ಒಂದು ತ್ರಿಕೋನ, ಅದರೊಳಗೊಂದು ಚುಕ್ಕಿ. ಪುಸ್ತಕದ ನಂತರ ಪುಸ್ತಕ, ತ್ರಿಕೋನ, ಚುಕ್ಕಿ. ಯಾರೋ ಪುಂಡರ ಕೆಲಸ ಎಂದು ಬೈದುಕೊಳ್ಳುತ್ತ, ತಿಕ್ಕಿ ತಿಕ್ಕಿ ತೆಗೆದೆ. ಎಂಟು ದಿನ ಮಡಿಲ ತುಂಬ ರಬ್ಬರಿನ ಪುಡಿ. ಅಂದಹಾಗೆ ಆ ಅಧಿಕಾರಿಗಳು ಈ ಸಲ ಬರಲೇ ಇಲ್ಲ.

ಬಂದವರು ಪಾರ್ವತಮ್ಮ. ಕಾರ್ಖಾನೆಯಿಂದ ನಿವೃತ್ತರಾದ ಮರುಳಪ್ಪನವರ ಹೆಂಡತಿ. ಗಂಡ ಹೆಂಡತಿ ಇಬ್ಬರೂ ನಮ್ಮ ಹಳೆಯ ಓದುಗರು. ಪಾರ್ವತಮ್ಮ ಕಪಾಟಿನಿಂದ ಒಂದು ಪುಸ್ತಕ ತೆಗೆದರು, ಮಧ್ಯಕ್ಕೆ ಬಿಡಿಸಿದರು, ಇಟ್ಟರು. ಇನ್ನೊಂದು ತೆಗೆದರು, ಇಟ್ಟರು. ಐದಾರು ಪುಸ್ತಕ ಹೀಗೆ ನೋಡಿ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದರು.

"ಮೇಡಂ, ಇದರಲ್ಲಿದ್ದ ತ್ರಿಕೋನ ಎಲ್ಲಿ ಹೋಯ್ತು?"

"ಎಲ್ಲಾ ನಾನೇ ಅಳಿಸಿದೆ" ಎಂದೆ ಹೆಮ್ಮೆಯಿಂದ.

"ಅಯ್ಯೋ ನನ್ನ ಕರ್ಮವೇ!" ಎಂದು ಆಕೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ಕತೆ ಹೊರಬಂತು. ಮರುಳಪ್ಪನವರಿಗೆ ಓದಿದ ಪುಸ್ತಕವನ್ನೇ ಮತ್ತೆ ಒಯ್ಯುವ ಮರೆವು. ಅದಕ್ಕೆ ಓದಿದ್ದಕ್ಕೆಲ್ಲ ಒಂದು ತ್ರಿಕೋನ ಹಾಕುತ್ತಿದ್ದರು. ನನ್ನ ಮೊಹರು ಇರುವ ಪುಟವಾದರೆ ಹುಡುಕಲು ಸುಲಭ ಎಂದು ಅದನ್ನೇ ಆರಿಸಿಕೊಂಡರಂತೆ. (ಇಪ್ಪತ್ತು ವರ್ಷ ನಾನು ಕಾಪಾಡಿದ ಗುಟ್ಟು ಊರಿಗೆಲ್ಲ ಗೊತ್ತಿತ್ತು ಎಂದಾಯಿತು.) ಒಂದು ದಿನ ನೆಂಟರ ಮುಂದೆ ಅವರು, "ನಾನು ಓದಿರೋದ್ರಲ್ಲಿ ಕಾಲು ಭಾಗ ಇವಳು ಓದಿದ್ರೆ ಹೇಳಿ" ಎಂದರಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಪಾರ್ವತಮ್ಮನಿಗೆ ಎಲ್ಲಿಲ್ಲದ ರೋಷ ಬಂತು. "ಕಾಲು ಭಾಗ ಯಾಕೆ, ಪೂರ್ತಿ ಓದ್ತೀನಿ" ಎಂದರು. "ಓದು, ಆ ವರ್ಷ ಯುಗಾದಿ ಹೋಳಿಗೆ ನಾನು ಮಾಡ್ತೀನಿ, ನೀನು ಕುರ್ಚಿ ಮೇಲೆ ಕೂತ್ಕೊಂಡು ತಿನ್ನು" ಎಂದು ಮರುಳಪ್ಪ ಮಾತು ಕೊಟ್ಟರು. ಅವತ್ತಿನಿಂದ ಆಕೆ ತ್ರಿಕೋನ ಇರುವ ಪುಸ್ತಕ ಹುಡುಕಿ ಒಯ್ಯುವುದು, ಓದಿ ಮುಗಿಸಿ ತ್ರಿಕೋನದೊಳಗೆ ಒಂದು ಚುಕ್ಕಿ ಇಡುವುದು. ಚುಕ್ಕಿ ಇಲ್ಲದ ತ್ರಿಕೋನ ಒಂದೂ ಉಳಿಯದ ದಿನ ಪಾರ್ವತಮ್ಮ ಗೆದ್ದಂತೆ.

"ಆರು ವರ್ಷ ಆಯ್ತು ಮೇಡಂ" ಎಂದರು. "ಇನ್ನು ಮೂರೋ ನಾಲ್ಕೋ ಉಳಿದಿತ್ತು. ಯಾವುದು ಅಂತ ಈಗ ಹೆಂಗೆ ಹೇಳೋದು? ಅವರಂತೂ, ಗುರುತಿಲ್ಲ ಅಂದ್ಮೇಲೆ ಮೊದಲಿಂದ ಶುರು ಮಾಡು ಅಂತಾರೆ."

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಒಬ್ಬ ಹೆಂಗಸು ಆರು ವರ್ಷ ಓದಿ ಗಳಿಸಿದ್ದನ್ನು ನಾನು ಎಂಟು ದಿನದಲ್ಲಿ ಒರೆಸಿ ಹಾಕಿದ್ದೆ, ಅದೂ ಪುಸ್ತಕವನ್ನೇ ಓದದ ನಾನು! ಮಾರನೆಯ ದಿನ ಮರುಳಪ್ಪನವರು ಬೇರೆ ನಗುನಗುತ್ತ ಬಂದು, "ಬಹಳ ಒಳ್ಳೆ ಕೆಲಸ ಮಾಡಿದ್ರಿ ಮೇಡಂ, ಪುಸ್ತಕ ಅಂದ್ರೆ ಹಿಂಗೆ ಶುದ್ಧವಾಗಿರಬೇಕು" ಎಂದು ಕೈಮುಗಿದು ಹೋದರು. ಗಾಯಕ್ಕೆ ಉಪ್ಪು ಸವರಿದ ಹಾಗಾಯಿತು.

ಅವರು ಹೋದ ಮೇಲೆ, ಕೈಯಲ್ಲಿದ್ದ ಒಂದು ಕಾದಂಬರಿಯನ್ನು ಬೇಜಾರಿನಿಂದ ಬಿಡಿಸಿ ಮೇಜಿನ ಮೇಲೆ ಇಟ್ಟೆ. ಕಿಟಕಿಯ ಬಿಸಿಲು ಓರೆಯಾಗಿ ಪುಟದ ಮೇಲೆ ಬಿತ್ತು. ನೋಡುತ್ತೇನೆ, ಮೂಲೆಯಲ್ಲಿ ತ್ರಿಕೋನ! ಪೆನ್ಸಿಲಿನ ಕಪ್ಪು ಹೋಗಿತ್ತು, ಒತ್ತಿದ ಗುಳಿ ಹೋಗಿರಲಿಲ್ಲ. ಮರುಳಪ್ಪನವರು ಕಾರ್ಖಾನೆಯಲ್ಲಿ ಕಬ್ಬಿಣದ ತಗಡುಗಳ ಮೇಲೆ ಗುರುತು ಹಾಕುವ ಕೆಲಸದಲ್ಲಿದ್ದವರು. ಕಾಗದದ ಮೇಲೂ ಅದೇ ಬಲ ಪ್ರಯೋಗಿಸಿದ್ದರು. ಪಾರ್ವತಮ್ಮನೂ ಕಡಿಮೆಯಿಲ್ಲ, ಆಕೆಯ ಚುಕ್ಕಿ ಹಾಳೆಯ ಹಿಂಬದಿಗೂ ಉಬ್ಬಿಕೊಂಡಿತ್ತು. ನಾನು ಎದ್ದು ನಿಂತು ಕೂಗಿಯೇಬಿಟ್ಟೆ. ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿಗಳೆಲ್ಲ ತಲೆಯೆತ್ತಿ, 'ಸದ್ದು ಮಾಡಬೇಡಿ' ಎಂಬ ನನ್ನದೇ ಬೋರ್ಡಿನ ಕಡೆ ನೋಡಿದರು.

ಆದರೆ ಬಿಸಿಲು ಬರುವುದು ಬೆಳಿಗ್ಗೆ ಒಂದು ಗಂಟೆ ಮಾತ್ರ. ಹೊಂಗೆಯ ಕೊಂಬೆಗಳಲ್ಲಿ ಆಗಲೇ ಚಿಗುರಿನ ಮೊಳಕೆ. ನಾನು ಮೊದಲ ಬಸ್ಸಿಗೇ ಬರತೊಡಗಿದೆ. "ಇದೇನು ಮಾರಾಯ್ತಿ, ಅಷ್ಟು ಬೇಗ ಹೋಗಿ ಓದೋದು ಏನಿದೆ?" ಎಂದು ಮನೆಯವರು ಕೇಳಿದರೆ, "ನಲವತ್ತೊಂದನೇ ಪುಟ" ಎಂದು ಚೀಲ ಎತ್ತಿಕೊಂಡು ಓಡುತ್ತಿದ್ದೆ. ಪಾರ್ವತಮ್ಮ ಒಂದು ಬದಿ, ನಾನೊಂದು ಬದಿ, ನಡುವೆ ಪುಸ್ತಕದ ರಾಶಿ. ಬಿಸಿಲಿಗೆ ಹಿಡಿಯುವುದು, ಓರೆ ಮಾಡುವುದು, "ತ್ರಿಕೋನ ಇದೆ, ಚುಕ್ಕಿ ಇದೆ" ಎಂದು ಕೂಗುವುದು. ಇಷ್ಟು ಸಂತೋಷವಾಗಿ ನಾನು ಆ ಕಟ್ಟಡದಲ್ಲಿ ಕೆಲಸ ಮಾಡಿದ್ದೇ ಇಲ್ಲ. ಐದನೆಯ ದಿನಕ್ಕೆ ಎಲ್ಲ ಮುಗಿದು, ಚುಕ್ಕಿ ಇಲ್ಲದ ತ್ರಿಕೋನಗಳು ಮೂರು ಉಳಿದವು. ಯುಗಾದಿಗೆ ಒಂಬತ್ತು ದಿನ ಇತ್ತು.

ಆ ಮೂರರಲ್ಲಿ ದಪ್ಪನೆಯದನ್ನು ತಿರುವಿ ಹಾಕುವಾಗ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ಹಳೆಯ ಅಚ್ಚಿನ ಪುಸ್ತಕಗಳಲ್ಲಿ ಕೆಲವು ಹಾಳೆಗಳ ಮೇಲಿನ ಅಂಚು ಕತ್ತರಿಸದೆ ಜೋಡಿಯಾಗಿಯೇ ಉಳಿದಿರುತ್ತವೆ. ಸೀಳದೆ ಒಳಗಿನ ಪುಟ ಓದಲಾಗುವುದಿಲ್ಲ. ಈ ಪುಸ್ತಕದಲ್ಲಿ ಅರ್ಧದಿಂದಾಚೆಗೆ ಹಾಳೆಗಳೆಲ್ಲ ಹಾಗೇ ಇದ್ದವು. ನನಗೆ ಮೈಯೆಲ್ಲ ರೋಮಾಂಚನ.

"ಪಾರ್ವತಮ್ಮ, ಇಲ್ಲಿ ನೋಡಿ! ನಿಮ್ಮ ಯಜಮಾನರು ಇದನ್ನ ಓದೇ ಇಲ್ಲ! ಸುಮ್ನೆ ತ್ರಿಕೋನ ಹಾಕಿದಾರೆ!"

ಆಕೆ ತಲೆಯನ್ನೂ ಎತ್ತಲಿಲ್ಲ. "ಗೊತ್ತು ಮೇಡಂ. ಇದೇ ಮೊದಲನೇದಾ? ಇಂಥವು ಎಷ್ಟೋ. ನಾನೇ ಹೇರ್‌ಪಿನ್‌ನಲ್ಲಿ ಸೀಳ್ಕೊಂಡು ಓದ್ತಾ ಬಂದಿದೀನಿ."

"ಮತ್ತೆ ಅವರಿಗೆ ಹೇಳಿ ಮರ್ಯಾದೆ ತೆಗೀಬಾರ್ದಾ?"

"ಹೇಳಿದ್ರೆ ಅಷ್ಟೂ ಪುಸ್ತಕ ಪಂದ್ಯದಿಂದ ತೆಗೆದುಹಾಕ್ತಾರೆ" ಎಂದು ಪಾರ್ವತಮ್ಮ ನಕ್ಕರು. "ಮಧ್ಯಾಹ್ನ ನಾನು ಸುಮ್ನೆ ಪುಸ್ತಕ ಹಿಡಿದು ಕೂತ್ರೆ ಮನೇಲಿ ನೂರು ಕೆಲಸ ನೆನಪಾಗುತ್ತೆ ಎಲ್ಲರಿಗೂ. ಪಂದ್ಯ ಅಂದ್ರೆ ಯಾರೂ ಮಾತಾಡಲ್ಲ. ಓದೋಕೆ ನಂಗೂ ಒಂದು ನೆವ ಬೇಕಲ್ಲ."

ನೆವವಲ್ಲ, ಇಡೀ ಗ್ರಂಥಾಲಯವೇ ಇರುವ ನಾನು ಇಪ್ಪತ್ತು ವರ್ಷ ಏನು ಮಾಡಿದೆ ಎಂದು ಯೋಚಿಸಿದೆ. ಯೋಚನೆ ಸುಖಕರವಾಗಿರಲಿಲ್ಲ.

ಮೂರನ್ನೂ ಯುಗಾದಿಯ ಹಿಂದಿನ ದಿನಕ್ಕೆ ಓದಿ ಮುಗಿಸಿ, ಪಾರ್ವತಮ್ಮ ಗಂಡನನ್ನು ಕರೆದುಕೊಂಡು ಬಂದರು. ನಾನು ಪುಸ್ತಕವನ್ನು ಬಿಸಿಲಿಗೆ ಹಿಡಿದೆ. ಎಳೆ ಚಿಗುರಿನ ನಡುವೆ ತೂರಿಕೊಂಡು ಅಂಗೈಯಗಲದ ಬಿಸಿಲು ಬರುತ್ತಿತ್ತು. ಮರುಳಪ್ಪನವರು "ಇದೆಲ್ಲ ನಡೆಯಲ್ಲ ಮೇಡಂ, ಅಳಿಸಿದ್ದು ಅಳಿಸಿದ್ದೇ" ಎಂದು ಶುರು ಮಾಡಿದವರು, ತ್ರಿಕೋನ ಕಂಡದ್ದೇ ತಡ, ಎಲ್ಲ ಮರೆತು ಕಣ್ಣರಳಿಸಿದರು. "ನೋಡಿದ್ರಾ! ನನ್ನ ಕೈ ಇದು! ನಾನು ಹಾಕಿದ ಮಾರ್ಕು ಯಾರು ಉಜ್ಜಿದ್ರೂ ಹೋಗಲ್ಲ!" ಎಂದು ಓದುತ್ತಿದ್ದವರನ್ನೆಲ್ಲ ಕರೆದು ತೋರಿಸಿದರು. ಹತ್ತು ಪುಸ್ತಕ ತೋರಿಸಿ ಆದ ಮೇಲೆ ತಾವೇ ಸೋತದ್ದು ಅವರಿಗೆ ಹೊಳೆಯಿತು.

ಹಬ್ಬದ ಮರುದಿನ ಇಬ್ಬರೂ ಡಬ್ಬಿ ತಂದರು. ಹೋಳಿಗೆ ಯಾವ ಆಕಾರದಲ್ಲೂ ಇರಲಿಲ್ಲ. ಹೂರಣ ಹೊರಗೆ, ಕಣಕ ಒಳಗೆ. ಆದರೂ ರುಚಿಗೆ ಮೋಸವಿರಲಿಲ್ಲ. "ಇನ್ಮೇಲೆ ನಾನು ಚುಕ್ಕಿ ಇಟ್ಟಿದ್ದನ್ನ ಇವರು ಪೂರ್ತಿ ಓದಬೇಕು. ಮುಂದಿನ ಪಂದ್ಯ" ಎಂದು ಪಾರ್ವತಮ್ಮ ಹೇಳಿದಾಗ ಮರುಳಪ್ಪ ಸದ್ದಿಲ್ಲದೆ ಕಪಾಟಿನ ಕಡೆ ನಡೆದರು. ಆಮೇಲೆ ಆಕೆ ನನ್ನ ಕಡೆ ತಿರುಗಿ, "ನಂಗೆ ಇನ್ನು ತ್ರಿಕೋನದ ಹಂಗಿಲ್ಲ ಮೇಡಂ. ನೀವು ಮೆಚ್ಚಿದ್ದು ಒಂದು ಕೊಡಿ" ಎಂದರು.

ನಾನು ಖುಷಿಯಲ್ಲಿ ನನ್ನ ಬೋರ್ಡಿನ ಕಪಾಟಿನಿಂದ, ವರ್ಷಗಳಿಂದ ಎಲ್ಲರೆದುರು ಹೊಗಳುತ್ತಿದ್ದ ಕೆಂಪು ರಟ್ಟಿನ ಕಾದಂಬರಿ ತೆಗೆದುಕೊಟ್ಟೆ. "ಇದರಲ್ಲಿ ನಾಯಕಿಯ ಜ್ವರದ ಸನ್ನಿವೇಶ ಬರುತ್ತೆ ನೋಡಿ, ನಾನಂತೂ ಮರುಗಿಬಿಟ್ಟೆ" ಎಂದೆ. ಪಾರ್ವತಮ್ಮ ರೂಢಿಯಂತೆ ನಲವತ್ತೊಂದಕ್ಕೆ ಬಿಡಿಸಿದರು. ಮುಂದಕ್ಕೆ ತಿರುವಿದರೆ ಎರಡು ಹಾಳೆ ಒಟ್ಟಿಗೇ ಬಂದವು. ಮತ್ತೆ ತಿರುವಿದರು, ಮತ್ತೆ ಎರಡು. ಅಲ್ಲಿಂದಾಚೆ ಹಾಳೆಗಳೆಲ್ಲ ಜೋಡಿ ಜೋಡಿಯಾಗಿ, ಅಚ್ಚಾಗಿ ಬಂದ ದಿನ ಹೇಗಿದ್ದವೋ ಹಾಗೇ ಇದ್ದವು. ಆಕೆ ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಪಾರ್ವತಮ್ಮ ಗಂಡನಿಗೆ ಕಾಣದ ಹಾಗೆ ಮುಡಿಯಿಂದ ಹೇರ್‌ಪಿನ್ ತೆಗೆದು, ಪುಸ್ತಕದ ಮೇಲಿಟ್ಟು, ನನ್ನ ಕಡೆಗೆ ಮೆಲ್ಲಗೆ ದೂಡಿದರು.

"ಮೊದಲು ನೀವು ಓದಿ ಮೇಡಂ. ನಿಧಾನಕ್ಕೆ ಸೀಳಿ, ಅಕ್ಷರ ಹರಿಯಬಾರದು."

ಆ ವಾರವೆಲ್ಲ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಒಂದು ದಿನವಂತೂ ಆಲ್ಕೊಳದಲ್ಲಿ ಇಳಿಯುವುದನ್ನೂ ಮರೆತು ಮುಂದಿನ ಸ್ಟಾಪಿನಿಂದ ನಡೆದು ಬಂದೆ. ನಲವತ್ತೆರಡನೆಯ ಪುಟದಲ್ಲೇ ತಿಳಿಯಿತು, ನಾಯಕಿಗೆ ಜ್ವರವೇ ಬಂದಿರಲಿಲ್ಲ. ಕೆಲಸ ತಪ್ಪಿಸಿಕೊಳ್ಳಲು ಹೂಡಿದ ನೆವ ಅದು! ಇಪ್ಪತ್ತು ವರ್ಷ ಸುಳ್ಳು ಜ್ವರಕ್ಕೆ ಮರುಗಿ, ಊರಿನವರನ್ನೂ ಮರುಗಿಸಿದ್ದೆ. ಒಬ್ಬರೂ ಬಂದು ನನ್ನನ್ನು ಕೇಳಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟೆ. ಹಾಳೆಗಳನ್ನೇ ಯಾರೂ ಸೀಳಿರಲಿಲ್ಲ ಎಂಬುದು ನೆನಪಾಗಿ ಸಮಾಧಾನವಾಯಿತು. ನನ್ನ ಹೊಗಳಿಕೆ ನಂಬಿ ಒಯ್ದವರೆಲ್ಲ ನನ್ನಂಥವರೇ.

ಕೊನೆಯ ಪುಟ ಮುಗಿಸಿದ ಬೆಳಿಗ್ಗೆ ಗ್ರಂಥಾಲಯದಲ್ಲಿ ಯಾರೂ ಇರಲಿಲ್ಲ. ಕಿಟಕಿಯನ್ನು ಹೊಂಗೆ ಪೂರ್ತಿ ಮುಚ್ಚಿಕೊಂಡಿತ್ತು. ಒಂದು ಸಲ ಬಾಗಿಲ ಕಡೆ ನೋಡಿ, ಡ್ರಾಯರಿನಿಂದ ಪೆನ್ಸಿಲ್ ತೆಗೆದು, ನಲವತ್ತೊಂದನೆಯ ಪುಟದ ಮೂಲೆಯಲ್ಲಿ ಒಂದು ಸಣ್ಣ ಸೊನ್ನೆ ಹಾಕಿದೆ. ಸ್ವಲ್ಪ ಒತ್ತಿಯೇ ಹಾಕಿದೆ. ನನ್ನ ನಂತರ ಬರುವ ಗ್ರಂಥಪಾಲಕಿಗೂ ರಬ್ಬರಿನ ಹುಚ್ಚು ಇರುವುದಿಲ್ಲ ಎಂದು ಏನು ಗ್ಯಾರಂಟಿ?