ಭದ್ರಾವತಿಯವರ ಎಡಗೈ

ಕಿಡ್ನಿ ಕೆಟ್ಟವರ ನಡುವೆ ಇರುವವನಿಗೆ ನಗುವುದಕ್ಕೆ ಏನು ಸಿಗುತ್ತದೆ ಎಂದು ಕೇಳುವವರಿದ್ದಾರೆ. ಸಿಗುತ್ತಲೇ ಇರುತ್ತದೆ, ನಗಿಸುವವರು ರೋಗಿಗಳೇ. ವಿಶಾಖಪಟ್ಟಣದಲ್ಲಿ ನನ್ನ ಕೆಲಸ, ಡಯಾಲಿಸಿಸ್‌ಗೆ ಬರುವವರ ಕೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿಯುವುದು. ಅದಕ್ಕೆ ಫಿಸ್ಟುಲಾ ಎನ್ನುತ್ತೇವೆ. ಮೆಷಿನ್ನಿನ ಸೂಜಿ ಚುಚ್ಚುವುದು ಅಲ್ಲಿಗೇ. ಅದು ಎಷ್ಟು ಕಾಲ ಬಾಳುತ್ತದೆ, ಯಾಕೆ ಕೆಡುತ್ತದೆ ಅನ್ನುವುದು ನನ್ನ ಸಂಶೋಧನೆ. ಅದರಲ್ಲಿದ್ದ ಒಬ್ಬರ ಪ್ರಸಂಗಗಳಿವು.

ಹೊಲಿಗೆ

ಊರಂಚಿನ ಪೆಂದುರ್ತಿಯಿಂದ ಬಂದಿದ್ದರು. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಟೇಬಲ್ ಮೇಲೆ ಮಲಗಿ ಒಂದು ಗಂಟೆ ತೆಲುಗಿನಲ್ಲೇ ಮಾತಾಡಿದರು. ನೋವಾಗುತ್ತಿದೆಯಾ ಎಂದರೆ "ಏಮೀ ಲೇದಂಡಿ", ಏನೂ ಇಲ್ಲ, ಅನ್ನುವರು. ಕೊನೆಕೊನೆಗೆ ಮರಗಟ್ಟಿಸುವ ಇಂಜೆಕ್ಷನ್ ಇಳಿದಿತ್ತೇನೋ, "ಅಯ್ಯೋ ನಮ್ಮವ್ವ, ಸತ್ತೆ" ಅಂದುಬಿಟ್ಟರು.

"ಇನ್ನೊಂದೇ ಹೊಲಿಗೆ ಕಣ್ರೀ, ತಡ್ಕೊಳ್ಳಿ" ಅಂದೆ.

ಅವರು ತಲೆಯೆತ್ತಿ ನೋಡಿದರು. "ಯಾವೂರು ಸಾರ್?"

"ತಿಪಟೂರು."

"ನಮ್ದು ಭದ್ರಾವತಿ. ಮೊದಲೇ ಹೇಳಬಾರದಿತ್ತಾ? ತೆಲುಗಲ್ಲಿ ಧೈರ್ಯವಾಗಿರೋದು ಬಹಳ ಕಷ್ಟ ಸಾರ್."

ರಜಾ

ಆ ಎಡಗೈಯಲ್ಲಿ ಭಾರ ಎತ್ತಬಾರದು, ಬಿ.ಪಿ. ನೋಡಿಸಬಾರದು, ಅದರ ಮೇಲೆ ಮಲಗಬಾರದು ಎಂದು ಗಂಡ ಹೆಂಡತಿ ಇಬ್ಬರಿಗೂ ಹೇಳಿ ಕಳಿಸಿದ್ದೆ. ಮೂರು ತಿಂಗಳಿಗೆ ತಪಾಸಣೆಗೆ ಬಂದರು. ಎರಡು ಚೀಲ ತರಕಾರಿ ಆಕೆಯ ಕೈಯಲ್ಲಿ, ಇವರು ಬರಿಗೈ.

"ಬಲಗೈಯಲ್ಲಿ ಎತ್ತಬಹುದು" ಎಂದು ನೆನಪಿಸಿದೆ.

ಆಕೆ ಚೀಲ ಕೆಳಗಿಟ್ಟರು. "ಕಾರ್ಖಾನೇಲಿ ಟನ್‌ಗಟ್ಟಲೆ ಎತ್ತಿದರು ಡಾಕ್ಟ್ರೇ, ಮನೇಲಿ ಒಂದು ಕೊಡ ನೀರು ಎತ್ತಿಲ್ಲ. ನೀವು ರಜಾ ಕೊಟ್ಟಿದ್ದು ಒಂದು ಕೈಗೆ. ಇವರು ಎರಡಕ್ಕೂ ತಗೊಂಡಿದ್ದಾರೆ."

ಸಾಕ್ಷಿ

ಕಿಡ್ನಿ ಕೊಡುತ್ತೇನೆಂದು ಮುಂದೆ ಬಂದವರೂ ಆಕೆಯೇ. ಕಸಿ ಆಗಬೇಕಿದ್ದದ್ದು ವಿಜಯವಾಡದಲ್ಲಿ. ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ಸಮಿತಿ ಕೂತು, ಕೊಡುವವರು ನಿಜಕ್ಕೂ ಹೆಂಡತಿಯೇ, ಯಾರದಾದರೂ ಒತ್ತಾಯವಿದೆಯೇ ಎಂದು ವಿಚಾರಿಸಿತು. ನಾನೂ ಹೋಗಿದ್ದೆ. ಮದುವೆ ಯಾವಾಗ ಆಯಿತು ಎಂದು ಕೇಳಿದರು.

"ಶ್ರಾವಣ" ಎಂದರು ಗಂಡ.

"ವೈಶಾಖ" ಎಂದರು ಹೆಂಡತಿ.

"ಮಳೆ ಹೊಡೀತಿತ್ತಲ್ಲೇ?"

"ಅದು ನಿಮ್ಮ ತಂಗಿ ಮದುವೆ. ನಮ್ಮ ಮುಹೂರ್ತಕ್ಕೇ ತಡವಾಗಿ ಬಂದೋರಿಗೆ ನೆನಪೆಲ್ಲಿರುತ್ತೆ?"

ಜಗಳ ಪೂರಾ ಕನ್ನಡಕ್ಕಿಳಿಯಿತು. ಅನುವಾದ ಮಾಡೋಣವೆಂದು ನಾನು ಎದ್ದೆ. ಹಿರಿಯ ಸದಸ್ಯರು ಕೈಸನ್ನೆ ಮಾಡಿ ಕೂರಿಸಿದರು. ಕನ್ನಡದ ಒಂದಕ್ಷರ ಬಾರದ ಅವರು ತೆಲುಗಿನಲ್ಲಿ ಹೇಳಿದ್ದಿಷ್ಟು: "ಬೇಕಿಲ್ಲಂಡಿ, ಅರ್ಥವಾಯಿತು. ಇವರು ಗಂಡ ಹೆಂಡತಿಯೇ."

ಫಲಿತಾಂಶ

ಅನುಮತಿ ಸಿಕ್ಕಿತು, ಕಸಿ ಆಗಲಿಲ್ಲ. ಗಂಡನ ಹೃದಯ ಅಷ್ಟು ದೊಡ್ಡ ಆಪರೇಷನ್ ತಡೆಯುವುದಿಲ್ಲವೆಂದು ಕೊನೆಯ ತಪಾಸಣೆಯಲ್ಲಿ ಗೊತ್ತಾಯಿತು. ಆಕೆಗೆ ಅದನ್ನು ಹೇಳಿದವನು ನಾನೇ. "ನಂದು ಎರಡೂ ಚೆನ್ನಾಗಿವೆ ಅಂದ್ರಲ್ಲ" ಎಂದು ಒಂದೇ ಮಾತನ್ನು ಮೂರು ಸಲ ಕೇಳಿದರು. ಮತ್ತೆ ಡಯಾಲಿಸಿಸ್. ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತ ಕುಳಿತವರು ಅಲ್ಲೇ ಹೋಗಿಬಿಟ್ಟರು.

ತಿಂಗಳ ನಂತರ, ಉಳಿದ ಔಷಧಿ ಬೇರೆ ಯಾರಿಗಾದರೂ ಆಗಲಿ ಎಂದು ಆಕೆ ಆಸ್ಪತ್ರೆಗೆ ಬಂದರು. ಹೊರಡುವಾಗ ಕೇಳಿದರು: "ನಿಮ್ಮ ಸಂಶೋಧನೇಲಿ ಇವರದ್ದು ಏನಂತ ಬರೆದಿರಿ?"

ಇದ್ದದ್ದನ್ನೇ ಹೇಳಿದೆ. "ಕೊನೇ ದಿನದವರೆಗೂ ಫಿಸ್ಟುಲಾ ಸರಿಯಾಗೇ ಇತ್ತಮ್ಮ. ಅಂಥದ್ದನ್ನು ಕೆಟ್ಟದ್ದರ ಸಾಲಿಗೆ ನಾವು ಸೇರಿಸೋದಿಲ್ಲ."

"ಅಂದ್ರೆ ಪಾಸಾ?"

"ಪಾಸು."

ಆಕೆ ಮತ್ತೆ ಕೂತರು. "ಇವರು ಎಸ್ಸೆಸ್ಸೆಲ್ಸಿಗೆ ನಾಲ್ಕು ಸಲ ಕಟ್ಟಿದ್ರು. ಪ್ರತಿ ಸಲ ಗಣಿತ ಹೋಗೋದು. ನಮ್ಮಪ್ಪ ತಾವು ಸಾಯೋವರೆಗೂ ಹಂಗಿಸಿದರು" ಎಂದು ನಕ್ಕರು. ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಮೇಲೆ, "ಅದನ್ನ ಬರೆದು ಕೊಡ್ತೀರಾ?" ಎಂದರು. ಆಸ್ಪತ್ರೆಯ ಕಾಗದದಲ್ಲಿ ಆಕೆಯ ಗಂಡನ ಹೆಸರು ಬರೆದು, ಎದುರಿಗೆ ಪಾಸು ಎಂದು ಬರೆದು, ಸಹಿ ಹಾಕಿ ಕೊಟ್ಟೆ. ಆಕೆ ಕಣ್ಣೊರೆಸಿಕೊಂಡು ಓದಿದರು.

"ಕ್ಲಾಸ್ ಬರೆದಿಲ್ಲವಲ್ಲ ಡಾಕ್ಟ್ರೇ?"

ಕಾಗದ ವಾಪಸ್ ತೆಗೆದುಕೊಂಡು, ಫಸ್ಟ್ ಕ್ಲಾಸ್ ಎಂದು ಸೇರಿಸಿದೆ.